ವಿಯೆನ್ನಾ ಫೈನಲ್ 7

ಸಂಸ್ಕೃತಿ ಪ್ರವಾಸದ ಯೋಜಕ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹೇರಳವಾಗಿ ಕಂಡುಬರುವ ಗೃಹಸ್ಥ. ವಯಸ್ಸು ನಲವತ್ತೈದು ದಾಟಿರುತ್ತದೆ. ಕಂಪನಿಯ ಖರ್ಚಿನಲ್ಲಿ ಒಮ್ಮೆ ಫ್ರಾಂಕ್‌ಫರ್ಟ್ ಕಂಡು ಬಂದಿರುತ್ತಾನೆ. ಸಾಧಾರಣ ಪ್ರವಾಸಿ ಹನ್ನೊಂದು ದಿನದಲ್ಲಿ ಎಂಟು ದೇಶ ತೋರಿಸುವ ಬಸ್ಸು ಹತ್ತಿ, ಐಫೆಲ್ ಗೋಪುರವನ್ನು ಎರಡು ಬೆರಳಲ್ಲಿ ಹಿಡಿದಂತೆ ಫೋಟೋ ತೆಗೆಸಿಕೊಂಡು, ರಾತ್ರಿ ಟೂರಿನವರು ಬಡಿಸಿದ ದಾಲು ಉಂಡು ಮಲಗುತ್ತಾನೆ. ಯೋಜಕನಿಗೆ ಅಂಥದ್ದನ್ನು ಕಂಡರಾಗದು. ಅವನದು ಒಂದೇ ನಗರ, ನಾಲ್ಕೇ ದಿನ, ಪೂರ್ತಿ ಕಲ್ಚರ್. ನಗರ ವಿಯೆನ್ನಾ. ಪ್ಯಾರಿಸ್ಸಿಗೆ ಎಲ್ಲರೂ ಹೋಗುತ್ತಾರೆ ಎಂಬುದು ಅವನು ಹೇಳುವ ಕಾರಣ. ಭಾವಮೈದುನ ಹೋಗಿಬಂದಿದ್ದಾನೆ ಎಂಬುದು ನಿಜವಾದ ಕಾರಣ.

ಆಯ್ಕೆ ತಪ್ಪೇನಲ್ಲ. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಊರ ಸುತ್ತಲಿನ ಕೋಟೆಗೋಡೆ ಕೆಡವಿಸಿ, ಆ ಜಾಗದಲ್ಲಿ ಐದು ಕಿಲೋಮೀಟರಿಗೂ ಮಿಕ್ಕಿದ ರಿಂಗ್ ರಸ್ತೆ ಹಾಕಿಸಿದ. ಒಪೆರಾ, ಸಂಸತ್ತು, ಮ್ಯೂಸಿಯಮ್ಮು, ವಿಶ್ವವಿದ್ಯಾಲಯ ಎಲ್ಲವೂ ಅದರ ಮಗ್ಗುಲಲ್ಲೇ ಎದ್ದವು. ಹೀಗಾಗಿ ವಿಯೆನ್ನಾದ ನಕ್ಷೆ ಮಲಗುವ ಕೋಣೆಯಲ್ಲಿ ಬಿಡಿಸಿಟ್ಟಾಗ ಮಲ್ಲೇಶ್ವರದಷ್ಟೇ ಸಲೀಸಾಗಿ ಕಾಣುತ್ತದೆ. ಯೋಜಕನ ಎಲ್ಲ ಕಷ್ಟಗಳೂ ಈ ಸಲೀಸಿನಿಂದಲೇ ಹುಟ್ಟುತ್ತವೆ.

ಎಂಟು ತಿಂಗಳ ಮುಂಚೆ ಎಕ್ಸೆಲ್ ಶೀಟ್ ಜನ್ಮ ತಾಳುತ್ತದೆ. ಅದರಲ್ಲಿ ದಿನಕ್ಕೊಂದು ಟ್ಯಾಬು, ಟಿಕೆಟಿಗೊಂದು, ಊಟಕ್ಕೊಂದು, ಮಳೆ ಬಂದರೆ ಇನ್ನೊಂದು. ಹಳದಿ ಎಂದರೆ ಬುಕ್ ಆಗಿದೆ, ಹಸಿರು ಎಂದರೆ ದುಡ್ಡು ಕಟ್ಟಿದೆ, ಕೆಂಪು ಎಂದರೆ ಹೆಂಡತಿ ಒಪ್ಪಿಲ್ಲ. ಮೊದಲ ಶೀಟಿನ ಹೆಸರು 'ವಿಯೆನ್ನಾ ಫೈನಲ್'. ವಿಮಾನ ಹತ್ತುವ ವೇಳೆಗೆ ಅದು 'ವಿಯೆನ್ನಾ ಫೈನಲ್ 7' ಆಗಿರುತ್ತದೆ.

ಶೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ತೆಗೆದುಕೊಳ್ಳುವುದಿಲ್ಲ. ಇಲ್ಲದಿದ್ದರೆ ಯೋಜಕ ಇನ್ನೂ ಬೇಗ ಹಾಕುತ್ತಿದ್ದ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ, ಹೋಟೆಲ್ ಬುಕಿಂಗು, ಬ್ಯಾಂಕಿನ ಲೆಕ್ಕದ ಜೊತೆಗೆ ಯಾವ ದಿನ ಎಲ್ಲಿರುತ್ತೀರಿ ಎಂಬ ವಿವರವನ್ನೂ ಕೇಳುತ್ತಾರೆ. ಉಳಿದವರು ಈ ವಿವರವನ್ನು ಕಥಾಸಾಹಿತ್ಯದ ಒಂದು ಪ್ರಕಾರವೆಂದು ತಿಳಿದು ಒಂದು ಪುಟದಲ್ಲಿ ಮುಗಿಸುತ್ತಾರೆ. ಯೋಜಕ ಒಪ್ಪಿಸುವುದು ಹದಿನಾಲ್ಕು ಪುಟ. ಶನಿವಾರ ಬೆಳಗ್ಗೆ 8:40ಕ್ಕೆ ಯಾವ ಟ್ರಾಮಿನಲ್ಲಿರುತ್ತೇನೆ ಎಂಬುದನ್ನು ಆಸ್ಟ್ರಿಯಾ ಸರ್ಕಾರಕ್ಕೆ ತಿಳಿಸಿದ ಮೇಲೆ, ಆ ಟ್ರಾಮು ತಪ್ಪಿದರೆ ಗಡೀಪಾರಾದೀತೆಂಬ ಅಳುಕು ಅವನನ್ನು ಕೊನೆಯವರೆಗೂ ಬಿಡುವುದಿಲ್ಲ.

ಶೀಟಿನ ಹೆಮ್ಮೆಯ ಭಾಗ ವಾರದ ರಜೆಯ ಲೆಕ್ಕ. ಮರಿಯಾ ಥೆರೇಸಾ ಚೌಕದಲ್ಲಿ ಎದುರುಬದುರು ನಿಂತ ಎರಡು ಮ್ಯೂಸಿಯಮ್ಮುಗಳು ಅವಳಿಜವಳಿಯಂತಿವೆ: ಒಂದು ಕಲೆಯದು, ಒಂದು ನಿಸರ್ಗದ್ದು. ಬೇಸಿಗೆಯ ತಿಂಗಳು ಬಿಟ್ಟರೆ ಕಲೆಯದ್ದಕ್ಕೆ ಸಾಮಾನ್ಯವಾಗಿ ಸೋಮವಾರ ರಜೆ. ನಿಸರ್ಗದ್ದಕ್ಕೆ, ನಮ್ಮ ಕ್ಷೌರದಂಗಡಿಯಂತೆ, ಮಂಗಳವಾರ. ಭಾನುವಾರ ಊರಿನ ಅಂಗಡಿಗಳೇ ಮುಚ್ಚುತ್ತವೆ. ಜುಲೈ, ಆಗಸ್ಟಿನಲ್ಲಿ ಸರ್ಕಾರಿ ಒಪೆರಾಕ್ಕೂ ಬೀಗ. ಮಕ್ಕಳ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಬರುವುದರಿಂದ ಯೋಜಕ ಈ ಕೊನೆಯ ಗಂಡಾಂತರದಿಂದ ಪಾರಾಗುತ್ತಾನೆ. ಉಳಿದವನ್ನು ತಪ್ಪಿಸಲು ಪಂಚಾಂಗ ನೋಡುವ ಜೋಯಿಸರ ಗಾಂಭೀರ್ಯದಿಂದ ಗುರುವಾರದ ಮುಹೂರ್ತ ಇಡುತ್ತಾನೆ. ಗುರುವಾರ ಕಲೆ, ಶುಕ್ರವಾರ ನಿಸರ್ಗ, ಶನಿವಾರ ಸಂಗೀತ, ಭಾನುವಾರ ಸ್ಮಶಾನ.

ಕಲೆಯ ಮ್ಯೂಸಿಯಮ್ಮಿನಲ್ಲಿ ಬ್ರೂಗೆಲ್‌ನ ಚಿತ್ರಗಳು ಜಗತ್ತಿನಲ್ಲೇ ಅತಿ ಹೆಚ್ಚಿನ ಸಂಖ್ಯೆಯಲ್ಲಿವೆ. ಚಿತ್ರಕ್ಕೆ ನಾಲ್ಕು ನಿಮಿಷ ಎಂದು ಶೀಟು ಹೇಳುತ್ತದೆ. 1563ರ 'ಬಾಬೆಲ್ ಗೋಪುರ'ಕ್ಕೆ ಅಷ್ಟು ಸಾಕು. ಮುಗಿಯದ ಕಟ್ಟಡ, ಎಲ್ಲೆಲ್ಲೂ ಕಲ್ಲಿನ ರಾಶಿ, ಪರಿಶೀಲನೆಗೆ ಬಂದ ರಾಜ, ಕಾಲಿಗೆ ಬೀಳುವ ಕೆಲಸಗಾರರು. ಬೆಂಗಳೂರಿನ ಮೇಲ್ಸೇತುವೆ ಕಂಡವರಿಗೆ ವಿವರಣೆ ಬೇಕಿಲ್ಲ. ತೊಡಕಾಗುವುದು 1565ರ 'ಹಿಮದಲ್ಲಿ ಬೇಟೆಗಾರರು' ಚಿತ್ರದ ಮುಂದೆ. ಬರಿಗೈಯಲ್ಲೇ ಎನ್ನಬಹುದಾದಷ್ಟು ಬೇಟೆ ಹೊತ್ತು, ಬಳಲಿದ ನಾಯಿಗಳೊಂದಿಗೆ ಮೂವರು ಊರಿಗೆ ಮರಳುತ್ತಿದ್ದಾರೆ. ದೂರದ ಕಣಿವೆಯಲ್ಲಿ ಹೆಪ್ಪುಗಟ್ಟಿದ ಕೊಳದ ಮೇಲೆ ಇರುವೆಯಷ್ಟು ಗಾತ್ರದ ಜನ ಆಡುತ್ತಿದ್ದಾರೆ. ಹೆಂಡತಿ ಆ ಇರುವೆಗಳನ್ನು ಒಂದೊಂದಾಗಿ ನೋಡುತ್ತ ನಿಂತುಬಿಡುತ್ತಾಳೆ. "ಹತ್ತು ಐವತ್ತಕ್ಕೆ ಈಜಿಪ್ಟ್ ಇದೆ ಕಣೇ" ಎಂದರೆ, "ನೀವು ಹೋಗಿರಿ, ಈಜಿಪ್ಟ್ ಎಲ್ಲೂ ಹೋಗಲ್ಲ" ಎನ್ನುತ್ತಾಳೆ.

ಮರುದಿನ ನಿಸರ್ಗ. 1908ರಲ್ಲಿ ಡ್ಯಾನ್ಯೂಬ್ ಕಣಿವೆಯ ವಿಲೆನ್‌ಡಾರ್ಫ್‌ನಲ್ಲಿ ಸಿಕ್ಕ, ಸುಮಾರು 30,000 ವರ್ಷ ಹಳೆಯ ಸ್ತ್ರೀಮೂರ್ತಿಗಾಗಿ ಕೋಣೆ ಕೋಣೆ ದಾಟಿ ಹೋದರೆ, ಗಾಜಿನ ಹಿಂದೆ ಹನ್ನೊಂದು ಸೆಂಟಿಮೀಟರಿನ ಬೊಂಬೆ. "ಇಷ್ಟೇನಾ?" ಎನ್ನುತ್ತಾಳೆ ಮಗಳು. ಉತ್ತರ ಬರೆಯಲು ಶೀಟಿನಲ್ಲಿ ಕಾಲಮ್ಮಿಲ್ಲ.

ಮೂರ್ತಿ ಸಣ್ಣದಾದರೂ ಅಸಲಿ. ಅಸಲಿಯೇ ಕೈಗೆ ಸಿಗದಿರುವುದು ವಿಯೆನ್ನಾ ಯೋಜಕನಿಗೆ ಕೊಡುವ ದೊಡ್ಡ ಪೆಟ್ಟು. ಆಲ್ಬರ್ಟೀನಾ ಸಂಗ್ರಹದ ಹೆಸರಾಂತ ವಸ್ತು ಡ್ಯೂರರ್ 1502ರಲ್ಲಿ ಬರೆದ ಮೊಲ. ಬೆಳಕು ತಾಗಿದರೆ ಬಣ್ಣ ಕೆಡುವುದರಿಂದ ಅಸಲಿಯನ್ನು ಅಪರೂಪಕ್ಕೆ ಹೊರತೆಗೆಯುತ್ತಾರೆ. ಸಾಮಾನ್ಯವಾಗಿ ಕಾಣಸಿಗುವುದು ತದ್ರೂಪು. ಯೋಜಕ ಇದನ್ನು ಒಪ್ಪುವುದಿಲ್ಲ. ತಾನು ನೋಡಿದ್ದು ಅಸಲಿಯೇ ಎಂದು ವಾದಿಸುತ್ತಾನೆ. ಅವನು ಕಂಡ ಮೊಲಕ್ಕೆ ಮೂರೇ ಕಾಲು. ಬೆರ್ಗ್‌ಗಾಸ್ಸೆ 19ರಲ್ಲಿ ಫ್ರಾಯ್ಡ್ ಬಾಳಿದ ಮನೆಯಿದೆ, ಆದರೆ ರೋಗಿಗಳು ಮಲಗುತ್ತಿದ್ದ ಮಂಚ 1938ರಲ್ಲಿ ಯಜಮಾನನೊಂದಿಗೆ ಲಂಡನ್ನಿಗೆ ಹೋಗಿ ಅಲ್ಲೇ ಉಳಿದಿದೆ. ಕೇಂದ್ರ ಸ್ಮಶಾನದಲ್ಲಿ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಮಲಗಿದ್ದಾರೆ, ನಡುವೆ ಮೊಜಾರ್ಟನ ಕಲ್ಲೂ ಇದೆ. ಕಲ್ಲು ಮಾತ್ರ, 1791ರಲ್ಲಿ ಅವನನ್ನು ಮಣ್ಣು ಮಾಡಿದ್ದು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ. ಈ ಕೇಂದ್ರ ಸ್ಮಶಾನಕ್ಕೆ ಹೋಗುವುದು 71ನೇ ನಂಬರಿನ ಟ್ರಾಮು. ಯಾರಾದರೂ ತೀರಿಕೊಂಡರೆ ವಿಯೆನ್ನಾದವರು "71 ಹತ್ತಿದ" ಎನ್ನುತ್ತಾರೆ. ಇದನ್ನರಿಯದ ಯೋಜಕ ನಾಳೆ ಮನೆಮಂದಿಯೆಲ್ಲ 71 ಹತ್ತುತ್ತೇವೆಂದು ಹೋಟೆಲಿನ ಕೌಂಟರಿನಲ್ಲಿ ಉತ್ಸಾಹದಿಂದ ಸಾರುತ್ತಾನೆ.

ಸಂಗೀತದ ದಿನಕ್ಕೆ ಅವನು ಇತಿಹಾಸವನ್ನೇ ಓದಿಕೊಂಡಿರುತ್ತಾನೆ. ರಿಚರ್ಡ್ ಸ್ಟ್ರಾಸ್ ವಿಯೆನ್ನಾ ಒಪೆರಾದ ನಿರ್ದೇಶಕರಲ್ಲೊಬ್ಬನಾಗಿದ್ದ. ಅವನ 'ಕೊನೆಯ ನಾಲ್ಕು ಗೀತೆಗಳು' 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದಾಗ ಹಣ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಇದು ನಿಜ, ಹೆಮ್ಮೆಪಡುವಂಥದ್ದೂ ಹೌದು. ಆದರೆ ಯೋಜಕ ಇದನ್ನು ಮಕ್ಕಳಿಗೆ ವಿವರಿಸುವುದು ನಗರೋದ್ಯಾನದಲ್ಲಿ ಪಿಟೀಲು ಹಿಡಿದ ಬಂಗಾರಬಣ್ಣದ ಪ್ರತಿಮೆಯ ಮುಂದೆ. ಅದು ವಾಲ್ಟ್ಸ್ ಖ್ಯಾತಿಯ ಯೋಹಾನ್ ಸ್ಟ್ರಾಸ್‌ನದು, ಇಬ್ಬರೂ ನೆಂಟರಲ್ಲ.

ಸಂಜೆ ಒಪೆರಾದಲ್ಲಿ ಮಾತ್ರ ಅವನು ನಿಜವಾದ ಪ್ರತಿಭೆ ತೋರುತ್ತಾನೆ. ಅಲ್ಲಿ ನಿಂತು ನೋಡುವವರಿಗೆ ಕಡಿಮೆ ಬೆಲೆಯ ಜಾಗವಿದೆ, ಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಹಿಡಿಯುವುದು ಹಳೆಯ ಪದ್ಧತಿ. ಯೂರೋಪಿನ ಬೇರೆ ಯಾವ ಸಂಪ್ರದಾಯವೂ ಅವನಿಗೆ ಇಷ್ಟು ಬೇಗ ಅರ್ಥವಾದದ್ದಿಲ್ಲ. ಮೆಜೆಸ್ಟಿಕ್ಕಿನಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಪಳಗಿದ ಕೈ, ನಾಲ್ಕು ಜಾಗಕ್ಕೆ ನಾಲ್ಕು ಕರ್ಚೀಫು ಕಟ್ಟಿ ಮುಗಿಸುತ್ತದೆ.

ಊಟದ ಟ್ಯಾಬು ಚಿಕ್ಕದು: ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ ಎಂಬ ಐರೋಪ್ಯ ನಿಯಮ ಓದಿ 'ತುಪ್ಪ ಬೇಡ' ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾನೆ. ಈ ಸಾಲಿನ ಬಣ್ಣ ಕೊನೆತನಕ ಕೆಂಪು.

ಶೀಟು ಹರಿಯುವುದು ಕಾಫಿಮನೆಯಲ್ಲಿ. ದರ್ಶಿನಿಯಲ್ಲಿ ನಿಂತೇ ಬೈಟು ಕುಡಿದು ಅಭ್ಯಾಸವಾದವನು ಅದಕ್ಕೆ ಇಪ್ಪತ್ತು ನಿಮಿಷ ಕೊಟ್ಟಿರುತ್ತಾನೆ. ಆದರೆ ವಿಯೆನ್ನಾದ ಕಾಫಿಮನೆಯಲ್ಲಿ ಕಾಫಿ ಒಂದು ನೆಪ. ಅಮೃತಶಿಲೆಯ ಮೇಜು, ಮರದ ಚೌಕಟ್ಟಿಗೆ ಸಿಕ್ಕಿಸಿದ ಪತ್ರಿಕೆಗಳು, ಬೆಳ್ಳಿತಟ್ಟೆಯಲ್ಲಿ 'ಮೆಲಾಂಜ್' ಕಾಫಿ, ಪಕ್ಕದಲ್ಲೊಂದು ಲೋಟ ನೀರು. ಒಂದು ಕಪ್ ತರಿಸಿ ಹೊತ್ತು ಮುಳುಗುವ ತನಕ ಕೂತರೂ ಯಾರೂ ಏಳಿ ಎನ್ನುವುದಿಲ್ಲ. ಕೇಳದೆ ಬಿಲ್ ತರುವುದು ಅಲ್ಲಿ ಗಿರಾಕಿಯನ್ನು ಎಬ್ಬಿಸಿದ ಹಾಗೆ. ಇದು ಯೋಜಕನಿಗೆ ಗೊತ್ತಿಲ್ಲ. ಅವನು ಬಿಲ್ಲಿಗಾಗಿ ಕಾಯುತ್ತಾನೆ. ಕಪ್ಪು ಕೋಟಿನ ಪರಿಚಾರಕ ದೂರದಲ್ಲಿ ಕಂಬದಂತೆ ನಿಂತು ಅವನ ಪುರುಸೊತ್ತನ್ನು ಗೌರವಿಸುತ್ತಾನೆ. ಮುಕ್ಕಾಲು ಗಂಟೆ ಹೀಗೇ. ಅಷ್ಟರಲ್ಲಿ ಮಗಳು ಎರಡನೆಯ ಸೇಬಿನ ಶ್ಟ್ರೂಡೆಲ್ ಮುಗಿಸಿರುತ್ತಾಳೆ, ಹೆಂಡತಿ ಚಪ್ಪಲಿ ಕಳಚಿ ಕಾಲು ಚಾಚಿರುತ್ತಾಳೆ. ಶೋನ್‌ಬ್ರುನ್ ಅರಮನೆಯ 1,441 ಕೋಣೆಗಳ ಪೈಕಿ ತೋರಿಸುವ ನಲವತ್ತೂ ಕೈತಪ್ಪುತ್ತವೆ.

ಊರಿಗೆ ಮರಳಿದ ಯೋಜಕ ತಜ್ಞನಾಗುತ್ತಾನೆ. ಮದುವೆ, ಗೃಹಪ್ರವೇಶಗಳಲ್ಲಿ ಊಟದ ಪಂಕ್ತಿಯಲ್ಲೇ ಸಲಹೆ ಕೊಡುತ್ತಾನೆ. ನೋಡದ ಅರಮನೆಯನ್ನು ನೋಡಿದ್ದಕ್ಕಿಂತ ಚೆನ್ನಾಗಿ ಬಣ್ಣಿಸುತ್ತಾನೆ. ಶೀಟು ವಾಟ್ಸಾಪಿನಲ್ಲಿ ಹಂಚಿಹೋಗುತ್ತದೆ. ದಸರಾ ರಜೆಯಲ್ಲಿ ಷಡ್ಡಕ ಅದನ್ನೇ ಪ್ರಿಂಟ್ ತೆಗೆಸಿಕೊಂಡು ಸಂಸಾರ ಸಮೇತ ಹೊರಡುತ್ತಾರೆ. 'ಮೊದಲ ದಿನ: ಕಲೆ' ಅವರಿಗೆ ಸೋಮವಾರಕ್ಕೆ ಬೀಳುತ್ತದೆ, 'ಎರಡನೆಯ ದಿನ: ನಿಸರ್ಗ' ಮಂಗಳವಾರಕ್ಕೆ. ಎರಡನೆಯ ಬೀಗದ ಮುಂದೆ ನಿಂತು ಅವರು ಮಾಡುವ ಫೋನಿಗೆ ಯೋಜಕ ಸಾವಧಾನವಾಗಿ ಉತ್ತರಿಸುತ್ತಾನೆ: "ಶೀಟ್ ಕರೆಕ್ಟಾಗಿದೆ. ನೀವು ಹೋದ ವಾರ ಸರಿಯಿಲ್ಲ."