ಲಿಫ್ಟ್ ಸಾವಕಾರ

ಚಿಕ್ಕೋಡಿಯಲ್ಲಿ ಇಂಥವನೊಬ್ಬ ಇದ್ದಾನೆ. ಅಥಣಿಯಲ್ಲಿ ಇಬ್ಬರಾದರೂ ಇರಬೇಕು. ನಿಪ್ಪಾಣಿಯವರ ಲೆಕ್ಕ ಸಿಗುವುದಿಲ್ಲ, ಅವರ ಗಾಡಿಗಳು ಸದಾ ಕೊಲ್ಲಾಪುರದ ಗ್ಯಾರೇಜಿನಲ್ಲಿರುತ್ತವೆ. ವಯಸ್ಸು ಮೂವತ್ತರ ಆಚೀಚೆ, ಹೊಲವೆಲ್ಲ ಕಬ್ಬು, ನಂಬರ್ ಪ್ಲೇಟಿನ ಮೇಲೆ ಕೆಎ 23, ಗಾಡಿ ಕರಿ ಥಾರ್. ಮೊದಲು ಬರೀ ಸಾವಕಾರನಾಗಿದ್ದ. ಗಾಡಿಯನ್ನು ಎರಡು ಇಂಚು ಎತ್ತರಿಸಿದ ಮೇಲೆ ಲಿಫ್ಟ್ ಸಾವಕಾರನಾದ.

ಈ ಎರಡು ಇಂಚು ಯಾಕೆ ಬೇಕಾಯಿತು ಎಂದು ಅವನನ್ನು ಕೇಳಬಾರದು. ಕೇಳಿದರೆ ಚಹಾ ಆರುತ್ತದೆ. ಮೊದಲು ದೊಡ್ಡ ಟೈರು ಬಂತು. ಸ್ಟೇರಿಂಗ್ ತಿರುಗಿಸಿದರೆ ಟೈರು ಮಡಗಾರ್ಡಿಗೆ ತಿಕ್ಕತೊಡಗಿತು. ತಿಕ್ಕುವುದು ನಿಲ್ಲಲೆಂದು ಸ್ಪ್ರಿಂಗಿನ ತಲೆಯ ಮೇಲೆ ಬಿಲ್ಲೆ ಕೂಡಿಸಿ ಮೂತಿ ಎತ್ತಿಸಿದ. ಎತ್ತಿದ ಮೇಲೆ ಗೊತ್ತಾದದ್ದು ಕಂಟ್ರೋಲ್ ಆರ್ಮ್ ಎಂಬುದೊಂದಿದೆ ಎಂದು.

2020ರ ಅಕ್ಟೋಬರ್ 2ರಂದು ಮಾರಾಟಕ್ಕೆ ಬಂದ ಈ ಥಾರಿನಲ್ಲಿ ಮುಂದಿನ ಒಂದೊಂದು ಗಾಲಿಯನ್ನೂ ಮೇಲೊಂದು, ಕೆಳಗೊಂದು ಆರ್ಮ್ ಹಿಡಿದಿರುತ್ತವೆ. ಒಳತುದಿಗೆ ರಬ್ಬರ್ ಬುಶ್, ಹೊರತುದಿಗೆ ಬಾಲ್ ಜಾಯಿಂಟ್. ಮೂತಿ ಎತ್ತಿದರೆ ಎರಡೂ ಆರ್ಮ್ ಕೆಳಮುಖವಾಗಿ ಜೋತುಬೀಳುತ್ತವೆ. ಮೇಲಿನ ಆರ್ಮಿನ ಬಾಲ್ ಜಾಯಿಂಟಿಗೆ ಇನ್ನು ಹೊರಳಲು ಜಾಗವಿರುವುದಿಲ್ಲ. ಗಾಲಿ ನಿಲ್ಲುವ ಓರೆ ಬದಲಾಗಿ ಟೈರು ಒಂದೇ ಮಗ್ಗುಲಿಗೆ ಸವೆಯುತ್ತದೆ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವ ಗುಣ ಕಡಿಮೆಯಾಗುತ್ತದೆ. ಮುಂದಿನ ಆಕ್ಸಲ್ಲಿನ ರಬ್ಬರ್ ಬೂಟು ಮಡಚಿ ಮಡಚಿ ಹರಿದು ಗ್ರೀಸು ಕಾರುತ್ತದೆ. ಆದ್ದರಿಂದ ಮೇಲಿನ ಆರ್ಮನ್ನು ತೆಗೆದು, ಬಾಲ್ ಜಾಯಿಂಟಿನ ಕೋನ ಬದಲಾಯಿಸಿ ಮಾಡಿದ ಬೇರೆ ಆರ್ಮ್ ಹಾಕಬೇಕು. ಹತ್ತನೇ ಇಯತ್ತೆಯಲ್ಲಿ ರೇಖಾಗಣಿತಕ್ಕೆ ಹೆದರಿ ಶಾಲೆ ತಪ್ಪಿಸುತ್ತಿದ್ದ ಹುಡುಗ ಈಗ ಕ್ಯಾಸ್ಟರ್, ಕ್ಯಾಂಬರ್ ಎಂದು ಡಿಗ್ರಿಯಲ್ಲಿ ಮಾತಾಡುತ್ತಾನೆ. ಅವನ ಮಾಸ್ತರರು ಇದನ್ನು ಕೇಳಿದ್ದರೆ ಪಿಂಚಣಿ ವಾಪಸು ಕೊಟ್ಟಾರು.

ಅಪ್ಪನಿಗೆ ಇದು ತಿಳಿಯುವುದಿಲ್ಲ. ಅವರದು ಎಂಎಂ 540 ಜೀಪಿನ ಕಾಲ. ಹಿಂದೆ ಮುಂದೆ ಕಮಾನು ಪಾಟಾ, ಅಡ್ಡಕ್ಕೆ ಇಡೀ ಅಚ್ಚು, ಆರ್ಮಿನ ಹೆಸರೇ ಇಲ್ಲ. ‘ಲೋಡ್ ಹೆಚ್ಚಾತಂದ್ರ ಒಂದ್ ಪಾಟಾ ಹೆಚ್ಚಿಗಿ ಹಾಕಸ್ತಿದ್ವಿ. ಚಿಂಚಲಿ ಮಾಯಕ್ಕನ ಜಾತ್ರಿಗೆ ಹದಿನಾಕ ಮಂದಿ ಹೋಗಿ ಬಂದೇವಿ. ಯಾರೂ ಡಿಗ್ರಿ ಕೇಳಲಿಲ್ಲ’ ಎನ್ನುತ್ತಾರೆ. ಅವ್ವನ ದೂರು ಬೇರೆ. ಅದೇ ಜಾತ್ರೆಗೆ ಈಗ ಮಗನ ಗಾಡಿ ಹತ್ತಬೇಕಾದರೆ ಸ್ಟೂಲ್ ಬೇಕು. ಸ್ಟೂಲ್ ಒಳಗೆ ಇಟ್ಟುಕೊಂಡರೆ ಕಾಲಿಡಲು ಜಾಗವಿಲ್ಲ, ಮನೆಯಲ್ಲಿ ಬಿಟ್ಟರೆ ಚಿಂಚಲಿಯಲ್ಲಿ ಇಳಿಯಲಿಕ್ಕಾಗದು. ಹೋದ ಸಲ ಮಹಾರಾಷ್ಟ್ರದ ಭಕ್ತರೊಬ್ಬರು ತಮ್ಮ ಚಕ್ಕಡಿಯನ್ನು ಬಾಗಿಲಿಗೆ ಹಚ್ಚಿ ನಿಲ್ಲಿಸಿದರು. ಅವ್ವ ಥಾರಿನಿಂದ ಚಕ್ಕಡಿಗೆ, ಚಕ್ಕಡಿಯಿಂದ ನೆಲಕ್ಕೆ ಇಳಿದಳು.

ಖರ್ಚಿನ ಹೊಂದಾಣಿಕೆ ಕಬ್ಬಿನ ಬಿಲ್ಲಿನ ಮೇಲೆ. ಮೊದಲನೇ ಕಂತಿಗೆ ಆರ್ಮ್, ಎರಡನೇ ಕಂತಿಗೆ ಶಾಕಪ್, ಬಾಕಿ ಉಳಿದರೆ ಅಲೈನ್‌ಮೆಂಟ್. 2025ರ ನವೆಂಬರಿನಲ್ಲಿ ಟನ್ನಿಗೆ 3500 ರೂಪಾಯಿ ಕೊಡಿರೆಂದು ರೈತರು ಗುರ್ಲಾಪುರ ಕ್ರಾಸಿನಲ್ಲಿ ಕುಳಿತಾಗ ಇವನೂ ಹೋಗಿ ಕುಳಿತ, ಮನಸಾರೆ ಘೋಷಣೆ ಕೂಗಿದ. ಸರಕಾರ 3300ಕ್ಕೆ ಇಳಿಸಿ ಒಪ್ಪಿಸಿದಾಗ ಉಳಿದವರು ಟನ್ನಿಗೆ ಇನ್ನೂರು ಹೋಯಿತೆಂದು ಹಳಹಳಿಸಿದರೆ, ಇವನು ಎಡಗಡೆಯ ಶಾಕಪ್ ಹೋಯಿತೆಂದು ಹಳಹಳಿಸಿದ.

ಲಿಫ್ಟ್ ಸಾವಕಾರ ಮನುಷ್ಯರ ಮುಖ ನೋಡುವುದಿಲ್ಲ, ಗಾಡಿಯ ಹೊಟ್ಟೆ ನೋಡುತ್ತಾನೆ. ರಾಯಬಾಗದ ಕಡೆ ಕನ್ಯಾ ನೋಡಲು ಹೋದಾಗ ಹಿರಿಯರೆಲ್ಲ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದರೆ ವರ ಕಾಣೆ. ಹುಡುಕಿದರೆ ಹುಡುಗಿಯ ಕಾಕಾನ ಬೊಲೆರೊ ಕೆಳಗಿಂದ ಎರಡು ಕಾಲು ಕಂಡವು. ‘ಕಾಕಾರ, ಬಲಗಡಿ ಕೆಳಗಿನ ಆರ್ಮಿನ ಬುಶ್ ಪೂರಾ ಹೋಗ್ಯಾವ್ರಿ. ಹಿಂಗ ಓಡಿಸಬ್ಯಾಡ್ರಿ’ ಎಂದು ಒಳಗಿಂದಲೇ ಧ್ವನಿ. ಆ ಸಂಬಂಧ ಮುಂದೆ ಹೋಗಲಿಲ್ಲ. ಬುಶ್ ಮಾತ್ರ ಬದಲಾಯಿತು, ಕಾಕಾ ಈಗಲೂ ಫೋನ್ ಮಾಡಿ ಉಪಕಾರ ನೆನೆಯುತ್ತಾರೆ.

ಇಷ್ಟೆಲ್ಲ ಸಿದ್ಧತೆ ಯಾವ ಯುದ್ಧಕ್ಕೆ? ಕೃಷ್ಣೆಯ ಯುದ್ಧಕ್ಕೆ. ನಮ್ಮ ಕಡೆ ಮಳೆಗಾಲವೆಂದರೆ ಘಟ್ಟದಲ್ಲಿ ಮಳೆ ಹೊಡೆದು ಕೃಷ್ಣಾ, ದೂಧಗಂಗಾ, ವೇದಗಂಗಾ ಏರುವುದು, ಕಲ್ಲೋಳ–ಯಡೂರ ಸೇತುವೆ ಮುಳುಗುವುದು, ಅದರ ಹಿಂದೆ ಉಳಿದ ಕೆಳಸೇತುವೆಗಳು ಸಾಲುಹಿಡಿದು ಮುಳುಗುವುದು. ಥಾರ್ 650 ಮಿಲಿಮೀಟರ್ ನೀರಿನಲ್ಲಿ ಇಳಿಯುತ್ತದೆಂದು ಕಂಪನಿಯೇ ಹೇಳಿದೆ. ಆದರೆ ನದಿಗೆ ಆ ಅಂಕಿ ಗೊತ್ತಿಲ್ಲ, ಅದು ಗೇಣಿನಲ್ಲಿ ಬರುವುದಿಲ್ಲ, ಆಳಿನಲ್ಲಿ ಬರುತ್ತದೆ. ಅಷ್ಟರಲ್ಲಿ ಪೊಲೀಸರು ಮುಳ್ಳುಕಂಟಿ, ಬ್ಯಾರಿಕೇಡ್ ಇಟ್ಟಾಗಿರುತ್ತದೆ. ಸಾವಕಾರ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ಟಿಗೆ ಒರಗಿ ನಿಂತು, ಯಾರಾದರೂ ‘ಆಚಿ ದಂಡಿಗೆ ಔಷಧ ಒಯ್ಯಬೇಕಾಗೇತಿ’ ಎಂದು ಓಡಿ ಬಂದಾರೆಂದು ಕಾಯುತ್ತಾನೆ. ಬಂದವರು ಬೋಟು ಕೇಳುತ್ತಾರೆ.

2019ರ ಆಗಸ್ಟಿನ ಮಹಾಪೂರ ಅವನ ಪಾಲಿಗೆ ಕೈತಪ್ಪಿದ ಅವಕಾಶ, ಆಗ ಈ ಗಾಡಿ ಇನ್ನೂ ಮಾರಾಟಕ್ಕೇ ಬಂದಿರಲಿಲ್ಲ. 2021ರ ಜುಲೈನಲ್ಲಿ ಗಾಡಿ ಇತ್ತು, ನೀರೂ ಬಂತು. ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದಾಯಿತು. ಆ ಹೊತ್ತಿಗೆ ಥಾರ್ ಎಲ್ಲಿತ್ತು? ನಿಪ್ಪಾಣಿಯ ಗ್ಯಾರೇಜಿನಲ್ಲಿ, ಮುಂದಿನ ಎರಡೂ ಗಾಲಿ ಬಿಚ್ಚಿಕೊಂಡು, ಜಾಕಿನ ಮೇಲೆ. ಹೊಸ ಆರ್ಮ್ ಪುಣೆಯಿಂದ ಕೊರಿಯರಿನಲ್ಲಿ ಹೊರಟಿದ್ದವು. ಕಾಗಲ್‌ವರೆಗೆ ಬಂದು ನೀರಿನ ಆಚೆ ನಿಂತವು. ನೀರು ದಾಟಲು ಬೇಕಾದ ಸಾಮಾನು ತರಲು ನೀರು ದಾಟಬೇಕಿತ್ತು.

ನಿಜವಾದ ಪರೀಕ್ಷೆ ನಡೆದದ್ದು ಸ್ವಂತ ಹೊಲದಲ್ಲಿ. ಎರಿ ಭೂಮಿ, ರಾತ್ರಿ ಮಳೆ. ಹುಗಿದುಬಿದ್ದ ಗಾಡಿಯನ್ನು ಕಬ್ಬಿನ ಟ್ರ್ಯಾಕ್ಟರ್ ಎಳೆದು ತಂದಿತು. ‘ಎಳದದ್ದಲ್ಲ, ಇದಕ್ಕ ರಿಕವರಿ ಅಂತಾರ’ ಎಂದ ಸಾವಕಾರ. ಬದುವಿನ ಮೇಲಿದ್ದ ಮುದುಕ, ಜೀವಮಾನವೆಲ್ಲ ಉಗಾರ ಕಾರ್ಖಾನೆಗೆ ಕಬ್ಬು ಕಳಿಸಿ ಸಕ್ಕರೆಯ ರಿಕವರಿ ಶೇಕಡಾ ಎಷ್ಟೆಂದು ಕೇಳುತ್ತ ಬಂದವ, ಕಿವಿ ನೆಟ್ಟಗೆ ಮಾಡಿ ಕೇಳಿದ: ‘ಎಷ್ಟ್ ಬಂತಪಾ? ಹನ್ನೊಂದ ದಾಟೇತೇನ?’

ಒಂದು ವಿಷಯದಲ್ಲಿ ಮಾತ್ರ ಅವನಿಗೆ ಸಲಾಮು ಹೊಡೆಯಬೇಕು. ಕಾಗವಾಡದ ದಾರಿಯಲ್ಲಿ ಟ್ರಾಲಿ ಮಾಡುವ ಮಿಸ್ತ್ರಿಯೊಬ್ಬ ‘ಅಷ್ಟ್ ರೊಕ್ಕಾ ಯಾಕ್ ಹಾಕ್ತೀರಿ ಸಾವಕಾರ್ರ, ಹಳೇ ಆರ್ಮ್ ಕೊಯ್ದು ನಡುವ ತುಂಡ್ ಕೂಡ್ಸಿ ವೆಲ್ಡಿಂಗ್ ಹೊಡದ್ ಕೊಡ್ತೇನಿ’ ಎಂದ. ಸಾವಕಾರ ಕೈ ಮುಗಿದು ಎದ್ದು ಬಂದ. ಕಾಯಿಸಿ ಬೆಸೆದ ಜಾಗದ ಮಗ್ಗುಲಿಗೇ ಸೀಳು ಹುಟ್ಟುತ್ತದೆ. ತವಂದಿ ಘಾಟಿನ ಇಳಿಜಾರಿನಲ್ಲಿ ಅದು ಮುರಿದರೆ ಗಾಲಿ ಮಡಚಿಕೊಳ್ಳುತ್ತದೆ, ಆಮೇಲೆ ಸ್ಟೇರಿಂಗ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಅಷ್ಟು ಬುದ್ಧಿ ಇದ್ದವನು ಬಿಲ್ಲೆ ಕೂಡಿಸುವ ಮೊದಲೇ ಅದನ್ನು ಬಳಸಬಹುದಿತ್ತು ಎನ್ನುವುದು ನನ್ನ ಮಾತಲ್ಲ, ಅವರ ಅಪ್ಪನದು.

ಕಾಯ್ದೆಯ ಭಯವೂ ಇದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ಗಾಡಿ ಮಾರ್ಪಡಿಸಿದ ಮಾಲಕನಿಗೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಎಡ ಆರ್ಮ್, ಬಲ ಆರ್ಮ್ ಸೇರಿ ಒಂದು ಮಾರ್ಪಾಡೋ ಎರಡೋ ಎಂಬ ಸಂಶಯವನ್ನು ಅವನು ಚಿಕ್ಕೋಡಿ ಕೋರ್ಟಿನ ಮುಂದಿನ ಚಹಾದಂಗಡಿಯಲ್ಲಿ ವಕೀಲರ ಮುಂದಿಟ್ಟ. ವಕೀಲರು ಫೀ ತೆಗೆದುಕೊಳ್ಳದೆ ಹೇಳಿದರು: ‘ರೊಕ್ಕದ ಮುಂದಿಂದೂ ಓದ್ರಿ, ಸಾವಕಾರ್ರ.’

ಹೀಗಾಗಿ, ಸರ್ವೀಸಿನವರ ಕಣ್ಣಿಗೆ ಮಾರ್ಪಾಡು ಬೀಳಬಾರದೆಂದು, ಕಂಪನಿಯ ಮೂಲ ಆರ್ಮ್‌ಗಳು ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ಇರುತ್ತವೆ. ಸರ್ವೀಸಿನ ಹಿಂದಿನ ದಿನ ಬೇರೆ ಆರ್ಮ್ ಬಿಚ್ಚಿ, ಬಿಲ್ಲೆ ತೆಗೆದು, ಇವನ್ನು ಕೂಡಿಸಿ, ಹಳೆಯ ಟೈರು ಹಾಕಿ, ಗಾಡಿಯನ್ನು ಕಂಪನಿ ಇಳಿಸಿದ ದಿನದ ರೂಪಕ್ಕೆ ತರುತ್ತಾನೆ. ಸರ್ವೀಸ್ ಮುಗಿದ ಮಾರನೇ ದಿನ ಎಲ್ಲ ತಿರುಗಿ ಬದಲು. ಈ ಸಲ ಅಲ್ಲಿನ ಎಳೆ ಹುಡುಗನೊಬ್ಬ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಬಹಳ ಹೊತ್ತು ನೋಡಿದ. ‘ಸರ್, ಗಾಡಿ ಇಷ್ಟ ಓಡೇತಿ, ಮ್ಯಾಲಿನ ಆರ್ಮಿನ ಬುಶ್ ಇನ್ನೂ ಹೊಸಾವ ಇದ್ದಂಗ ಅದಾವಲ್ರಿ, ಹೆಂಗ್ ನಡಸ್ತೀರಿ?’

ಊರಲ್ಲಿ ಯಾರೂ ತಾವಾಗಿ ಬಗ್ಗಿ ನೋಡಿದವರಲ್ಲ, ಕೇಳಿದವರಲ್ಲ. ಸಾವಕಾರನ ಎದೆ ತುಂಬಿ ಬಂತು. ಪಕ್ಕದ ಸ್ಟೂಲ್ ಎಳೆದುಕೊಂಡು ಕೂತ. ‘ಇವು ಬಿಡೋ ತಮ್ಮಾ, ಇವು ಬರೇ ಸರ್ವೀಸಿಗೆ ಹಾಕೂವು. ಖರೇ ಆರ್ಮ್ ಮನ್ಯಾಗ ಅದಾವು’ ಎಂದು ಶುರುಮಾಡಿ ಬಾಲ್ ಜಾಯಿಂಟ್, ಕೋನ, ಬಿಲ್ಲೆ, ಕಾಗಲ್‌ನಲ್ಲಿ ನಿಂತ ಕೊರಿಯರ್‌ವರೆಗೆ ಒಂದೂ ಬಿಡದೆ ಹೇಳಿದ.

ಹುಡುಗ ಜಾಬ್ ಕಾರ್ಡಿನ ಎರಡನೇ ಪುಟ ತಿರುಗಿಸಿದ. ‘ಸಾವಕಾಶ ಹೇಳ್ರಿ ಸರ್, ಬರ್ಕೊಳ್ಳಾಕತ್ತೇನಿ.’