ಸ್ವರ್ಣಗರ್ತ ಮೀಮಾಂಸೆ: ಅಗೆಯದ ಗಣಿಯ ಷೇರುಶಾಸ್ತ್ರ

ಉಪೋದ್ಘಾತ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ಅಧಿಕಾರಿ ಯಾರು, ವಿಷಯವೇನು, ಸಂಬಂಧವೇನು, ಪ್ರಯೋಜನವೇನು ಎಂದು ಮೊದಲೇ ಹೇಳದ ಗ್ರಂಥವನ್ನು ಪಂಡಿತರು ಕೈಯಿಂದಲೂ ಮುಟ್ಟುವುದಿಲ್ಲ. ಈ ಗ್ರಂಥಕ್ಕೆ ಅಧಿಕಾರಿ: ಡಿಮ್ಯಾಟ್ ಖಾತೆಯೂ ಒಂದಿಷ್ಟು ಪಿ.ಎಫ್. ಹಣವೂ ಉಳ್ಳ, ಗಣಿಯೊಳಕ್ಕೆ ಒಮ್ಮೆಯೂ ಇಳಿಯದ ಗೃಹಸ್ಥ. ವಿಷಯ: ಚಿನ್ನ ಹುಡುಕುತ್ತೇವೆಂದು ಹೊರಟ ಕಂಪನಿಗಳ ಷೇರು. ಹೂಡಿದ ಹಣಕ್ಕೂ ಹೂಡಿದವನಿಗೂ ಇರುವ ಸಂಬಂಧ ಸಮವಾಯವಲ್ಲ, ಬರೀ ಸಂಯೋಗ. ಯಾವ ಗಳಿಗೆಯಲ್ಲಾದರೂ ಬಿಟ್ಟುಹೋಗಬಹುದು. ಪ್ರಯೋಜನ: ಬ್ರೋಕರನದು.

ದೃಷ್ಟಾಂತಕ್ಕೆ ದೇವದತ್ತನನ್ನೇ ಇಟ್ಟುಕೊಂಡಿದ್ದೇವೆ. ಶತಮಾನಗಳಿಂದ ಶಾಸ್ತ್ರಗ್ರಂಥಗಳಲ್ಲಿ ಹಗಲೂಟ ಬಿಟ್ಟೂ ದಪ್ಪಗೇ ಇರುವ ಈ ಮಹಾನುಭಾವ ಈಗ ಬ್ಯಾಂಕಿನಿಂದ ನಿವೃತ್ತನಾಗಿ ದಾವಣಗೆರೆಯಲ್ಲಿ ನೆಲೆಸಿದ್ದಾನೆ. ಪೇಟೆ ತೆರೆಯುವ 9.15ರಿಂದ ಮುಚ್ಚುವ 3.30ರವರೆಗೆ ಮೊಬೈಲು ಕೆಳಗಿಡದಿರುವುದರಿಂದ ಹಗಲೂಟ ಈಗಲೂ ಇಲ್ಲ. ಅವನ ಷಡ್ಡಕ ಯಜ್ಞದತ್ತ ಟಿಪ್ ಕೊಡುವವನು.

ಮೂಲಸೂತ್ರ: ಗುಂಡಿಯ ಬೆಲೆ ಅದರೊಳಗಿನ ಚಿನ್ನವನ್ನು ಅನುಸರಿಸುವುದಿಲ್ಲ, ಅದರ ಬಗೆಗಿನ ಅಜ್ಞಾನವನ್ನು ಅನುಸರಿಸುತ್ತದೆ.

ಈ ಸೂತ್ರಕ್ಕೆ ಭಾಷ್ಯವೇ ಉಳಿದ ಗ್ರಂಥ.

ಪ್ರಮಾಣ ಪ್ರಕರಣ

ತಾನು ಷೇರು ಕೊಂಡ ಕಂಪನಿಯ ನೆಲದಡಿಯಲ್ಲಿ ಚಿನ್ನವಿದೆ ಎಂಬುದು ದೇವದತ್ತನಿಗೆ ಗೊತ್ತಾದದ್ದು ಹೇಗೆ? ಭಾಟ್ಟ ಮೀಮಾಂಸಕರು ಒಪ್ಪುವ ಆರೂ ಪ್ರಮಾಣಗಳಿಂದ.

ಪ್ರತ್ಯಕ್ಷ: ಕಂಪನಿಯ ಫೋಟೊ ಅವನ ಮೊಬೈಲಿನಲ್ಲಿದೆ. ಡ್ರಿಲ್ಲಿಂಗ್ ಮಾಡಿ ತೆಗೆದ ಮಣಿಕಟ್ಟು ದಪ್ಪದ ಬೂದುಗಲ್ಲಿನ ತುಂಡುಗಳು ಉದ್ದನೆಯ ತಟ್ಟೆಯಲ್ಲಿ ಸಾಲಾಗಿ ಮಲಗಿವೆ. ಒಂದು ತುಂಡಿನ ಮೇಲೆ ಎಳ್ಳಿನ ಗಾತ್ರದ ಹಳದಿ, ಅದಕ್ಕೆ ಕೆಂಪು ಸುತ್ತು. ಎರಡು ಬೆರಳಿಟ್ಟು ಹಿಗ್ಗಿಸಿದರೆ ಹಳದಿ ದೊಡ್ಡದಾಗುತ್ತದೆ. ನಿಕ್ಷೇಪವೂ ಅದೇ ಪ್ರಮಾಣದಲ್ಲಿ ದೊಡ್ಡದಾಯಿತೆಂದು ಅವನ ನಂಬಿಕೆ. ಅದು ಪೈರೈಟ್ ಇದ್ದೀತು, ಥಳಕಿನಲ್ಲಿ ಅದು ಚಿನ್ನವನ್ನೂ ಮೀರಿಸುತ್ತದೆ, ಟನ್ನಿಗೆ ಮೂರು ಗ್ರಾಂ ಚಿನ್ನವಿರುವ ಅದಿರಿನಲ್ಲಿ ಚಿನ್ನ ಬರಿಗಣ್ಣಿಗೆ ಬೀಳುವುದೇ ಅಪರೂಪ ಎಂಬ ಭೂವಿಜ್ಞಾನಿಗಳ ಮಾತನ್ನು ಅವನು ಅಪಶಕುನವೆಂದು ಬಿಟ್ಟಿದ್ದಾನೆ.

ಅನುಮಾನ: ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಎಲ್ಲೆಲ್ಲಿ ಡ್ರಿಲ್ಲಿಂಗ್ ಯಂತ್ರವೋ ಅಲ್ಲಲ್ಲಿ ಚಿನ್ನ. ಈ ವ್ಯಾಪ್ತಿಗೆ ವ್ಯಭಿಚಾರ ದೋಷವಿದೆ. ಬೋರ್‌ವೆಲ್ ಲಾರಿ ನಿಂತಲ್ಲೆಲ್ಲ ನೀರು ಬಿದ್ದಿದೆಯೇ ಎಂದು ಚನ್ನಗಿರಿಯ ಅಡಿಕೆ ತೋಟದವರನ್ನು ಕೇಳಿದರೆ ತರ್ಕಶಾಸ್ತ್ರ ಓದುವ ಖರ್ಚು ಉಳಿಯುತ್ತದೆ.

ಉಪಮಾನ: ಪಕ್ಕದಲ್ಲಿ ಚಿನ್ನವಿದ್ದರೆ ಇಲ್ಲೂ ಇದೆ. ಕಂಪನಿಯ ಜಾಗ ರಾಯಚೂರು ಜಿಲ್ಲೆಯ ಹಟ್ಟಿ ಗಣಿಗೆ ಅಷ್ಟೇನೂ ದೂರವಿಲ್ಲವಂತೆ. ನಿಜವಾಗಿ ಚಿನ್ನ ತೆಗೆಯುವ ಹಟ್ಟಿಯದನ್ನೇ ಏಕೆ ಕೊಳ್ಳಬಾರದು? ಅದು ರಾಜ್ಯ ಸರ್ಕಾರದ ಕಂಪನಿ, ಷೇರುಪೇಟೆಯಲ್ಲಿ ಸಿಗುವುದಿಲ್ಲ. ಚಿನ್ನವಿರುವುದು ಸಿಗುವುದಿಲ್ಲ, ಸಿಗುವುದರಲ್ಲಿ ಚಿನ್ನವಿದೆಯೋ ತಿಳಿಯದು. ಮೂಲಸೂತ್ರಕ್ಕೆ ಇದಕ್ಕಿಂತ ಸುಲಭದ ಉಪಪತ್ತಿ ಬೇಕಿಲ್ಲ.

ಶಬ್ದ, ಅಂದರೆ ಆಪ್ತವಾಕ್ಯ: “ಭಾವ, ಯಾರ್ಗೂ ಹೇಳ್ಬೇಡಿ. ಮುಂದಿನ ವಾರ ರಿಸಲ್ಟು. ಇವತ್ತೇ ತಗೊಂಡ್ಬಿಡಿ.” ಯಜ್ಞದತ್ತ ತನ್ನ ಷೇರು ಮಾರಲು ಗಿರಾಕಿ ಹುಡುಕುತ್ತಿದ್ದನೆಂಬುದು ಕೆಲವು ಪ್ರತಿಗಳಲ್ಲಿ ಕಾಣುವ ಪಾಠಾಂತರ.

ಅರ್ಥಾಪತ್ತಿ: ಕಂಪನಿಯ ಕಚೇರಿಯಲ್ಲಿ ಫೋನು ಎತ್ತುತ್ತಿಲ್ಲ. ದೊಡ್ಡ ಕಂಪನಿಯೊಂದರ ಜೊತೆ ಗುಟ್ಟಾಗಿ ಮಾತುಕತೆ ನಡೆಯದಿದ್ದರೆ ಈ ಮೌನ ಉಪಪನ್ನವಾಗುವುದಿಲ್ಲ. ಆದ್ದರಿಂದ ನಡೆಯುತ್ತಿದೆ.

ಅನುಪಲಬ್ಧಿ: 200 ಮೀಟರ್ ಕೊರೆದರೂ ಚಿನ್ನ ಸಿಗಲಿಲ್ಲ. ಆದ್ದರಿಂದ ಅದೆಲ್ಲ 400 ಮೀಟರಿನಲ್ಲಿದೆ. ವಸ್ತುವಿನ ಅಭಾವವನ್ನು ತಿಳಿಯಲು ಕುಮಾರಿಲ ಭಟ್ಟರ ಪರಂಪರೆ ಕೊಟ್ಟ ಪ್ರಮಾಣವನ್ನು ಅದರ ಇರವಿಗೆ ತಿರುಗಿಸಿಕೊಂಡದ್ದು ಸಣ್ಣ ಹೂಡಿಕೆದಾರರು ಭಾರತೀಯ ದರ್ಶನಕ್ಕೆ ಕೊಟ್ಟ ಸ್ವಂತ ಕಾಣಿಕೆ.

ಉದಾಹರಣ ಪ್ರಕರಣ

ಸೂತ್ರದ ಶುದ್ಧ ರೂಪ ಸಿದ್ಧವಾದದ್ದು ಕೆನಡಾದಲ್ಲಿ. ಕ್ಯಾಲ್ಗರಿಯ ಬ್ರೆ-ಎಕ್ಸ್ ಎಂಬ ಪುಟ್ಟ ಕಂಪನಿ 1993ರಲ್ಲಿ ಇಂಡೊನೇಷ್ಯಾದ ಬೋರ್ನಿಯೊ ಕಾಡಿನ ಬುಸಾಂಗ್ ಎಂಬಲ್ಲಿ ಹಕ್ಕು ಪಡೆಯಿತು. ಕಾಸಿನ ಲೆಕ್ಕದಲ್ಲಿ ಓಡಾಡುತ್ತಿದ್ದ ಷೇರು 1996ರ ಮೇ ತಿಂಗಳಲ್ಲಿ, ವಿಭಜನೆಗೆ ಮುಂಚಿನ ಲೆಕ್ಕದಲ್ಲಿ, 280 ಕೆನಡಿಯನ್ ಡಾಲರನ್ನೂ ದಾಟಿತು. ಕಂಪನಿಯ ಒಟ್ಟು ಬೆಲೆ 600 ಕೋಟಿ ಡಾಲರು ಮೀರಿತು. ಕೆನಡಾದ ಸೇಂಟ್ ಪಾಲ್ ಎಂಬ ಸಣ್ಣ ಊರಿನ ಜನ ಒಬ್ಬರನ್ನು ನೋಡಿ ಒಬ್ಬರು ಹಣ ಹಾಕಿದರು. ಒಂಟಾರಿಯೊದ ಮೇಷ್ಟರುಗಳ ಪಿಂಚಣಿ ನಿಧಿಯೂ ಹಾಕಿತು. 1997ರ ಆರಂಭಕ್ಕೆ ಬುಸಾಂಗಿನಲ್ಲಿ 7 ಕೋಟಿ ಔನ್ಸ್, ಅಂದರೆ ಸುಮಾರು 2,200 ಟನ್ ಚಿನ್ನವಿದೆ ಎಂದು ಕಾಗದದ ಮೇಲೆ ಸಿದ್ಧವಾಗಿತ್ತು. ನಮ್ಮ ಕೋಲಾರದ ಗಣಿಗಳು 120 ವರ್ಷ ಬೆವರಿಳಿಸಿ ಕೊಟ್ಟದ್ದು 800 ಟನ್ನಿನ ಆಸುಪಾಸು. ಒಂದು ಗ್ರಾಮನ್ನೂ ಹೊರತೆಗೆಯದೆ ಬುಸಾಂಗ್ ಅದರ ಎರಡೂವರೆ ಪಟ್ಟನ್ನು ದಾಟಿತು.

ರಹಸ್ಯವಿದ್ದದ್ದು ಕಲ್ಲು ಸೀಳುವ ಕ್ರಮದಲ್ಲಿ. ಕೊರೆದು ತೆಗೆದ ಕಲ್ಲುಕಂಬಿಯನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪರೀಕ್ಷೆಗೆ ಕಳಿಸಿ ಇನ್ನರ್ಧವನ್ನು ಸಾಕ್ಷಿಗೆ ಇಟ್ಟುಕೊಳ್ಳುವುದು ಈ ಕಸುಬಿನ ಪದ್ಧತಿ. ಬುಸಾಂಗಿನಲ್ಲಿ ಪೂರ್ತಿ ಪುಡಿ ಮಾಡುತ್ತಿದ್ದರು. ಸಾಕ್ಷಿಯೇ ಉಳಿಯದ ಕಡೆ ಅಜ್ಞಾನಕ್ಕೆ ಚ್ಯುತಿಯಿಲ್ಲ. ಪುಡಿಗೆ ಬೆರೆಸಿದ್ದು ಹೊಳೆಯ ಮರಳನ್ನು ಜಾಲಿಸಿ ತೆಗೆದ ಚಿನ್ನ. ಬಂಡೆಯೊಳಗಿನ ಚಿನ್ನದ ಕಣ ಒರಟಾಗಿರುತ್ತದೆ, ಹೊಳೆಯ ಚಿನ್ನ ಉರುಳಿ ಉರುಳಿ ಅಂಚು ಸವೆದಿರುತ್ತದೆ. ಸೂಕ್ಷ್ಮದರ್ಶಕದಡಿ ಇಟ್ಟವರಿಗೆ ಇದು ಕಂಡೇ ಕಾಣುತ್ತಿತ್ತು. ಅದನ್ನು ಗಣನೆಗೆ ತಂದದ್ದು ಕೊನೆಗೆ.

1997ರ ಮಾರ್ಚ್ 19ರಂದು ಕಂಪನಿಯ ಭೂವಿಜ್ಞಾನಿ ಮೈಕೆಲ್ ಡಿ ಗುಜ್ಮಾನ್ ಹೆಲಿಕಾಪ್ಟರಿನಿಂದ ಕಾಡಿಗೆ ಬಿದ್ದು ಸತ್ತ ಸುದ್ದಿ ಬಂತು. 26ರಂದು, ಪಾಲುದಾರನಾಗಲು ಬಂದು ತಾನೇ ಕೊರೆದು ನೋಡಿದ್ದ ಫ್ರೀಪೋರ್ಟ್ ಕಂಪನಿ, ಹೇಳಿಕೊಳ್ಳುವಂಥ ಚಿನ್ನವೇನೂ ಇಲ್ಲವೆಂದಿತು. ಮೇ ತಿಂಗಳಲ್ಲಿ, ಸ್ವತಂತ್ರವಾಗಿ ಪರೀಕ್ಷಿಸಿದ ಸ್ಟ್ರಾಥ್‌ಕೋನಾ ಸಂಸ್ಥೆಯ ವರದಿಯೂ ಅದನ್ನೇ ಹೇಳಿ ಷೇರು ರದ್ದಿ ಕಾಗದವಾಯಿತು. ನೆಲ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. 1996ರಲ್ಲಿ ಅದರಲ್ಲಿ ಎಷ್ಟು ಚಿನ್ನವಿತ್ತೋ 1997ರಲ್ಲೂ ಅಷ್ಟೇ ಇತ್ತು. ಬದಲಾದದ್ದು ತಿಳಿವಳಿಕೆಯೊಂದೇ, ಮುಳುಗಿದ್ದು 600 ಕೋಟಿ. ಆಮೇಲೆ 2001ರಲ್ಲಿ ಕೆನಡಾದವರು, ನಿಕ್ಷೇಪದ ಲೆಕ್ಕಕ್ಕೆ ಅರ್ಹ ತಜ್ಞನೊಬ್ಬ ಹೊಣೆ ಹೊರಬೇಕೆಂದು ನಿಯಮ ಮಾಡಿದರು.

ಮೋಸವಿಲ್ಲದ ಕಡೆಯಲ್ಲೂ ಸೂತ್ರ ಕೆಡುವುದಿಲ್ಲ. ಕೆನಡಾದವರೇ ಆದ ಗಣಿ ಹಣಕಾಸಿನ ಪಂಡಿತ ಪಿಯರ್ ಲಸೊಂಡ್ ಬರೆದ ವಕ್ರರೇಖೆಯೊಂದಿದೆ. ಚಿನ್ನ ಸಿಕ್ಕಿತೆಂಬ ಮೊದಲ ಸುದ್ದಿಗೆ ಷೇರು ನೆಟ್ಟಗೆ ಏರುತ್ತದೆ. ಆಮೇಲೆ ಅಳತೆ, ಪರವಾನಗಿ, ರಸ್ತೆ, ವಿದ್ಯುತ್ತು, ಸಾಲ ಎಂಬ ಬೇಸರದ ವರ್ಷಗಳಲ್ಲಿ ಇಳಿಯುತ್ತ ಬರುತ್ತದೆ. ಗಣಿ ನಿಜವಾಗಿ ಚಿನ್ನ ಕೊಡುವ ಕಾಲ ಹತ್ತಿರವಾದಾಗ ಮತ್ತೆ ಏರುತ್ತದೆ. ದೇವದತ್ತ ಮೊದಲ ಏರಿನ ತುದಿಯಲ್ಲಿ ಕೊಂಡು ಬೇಸರದ ವರ್ಷಗಳ ತಳದಲ್ಲಿ ಮಾರುತ್ತಾನೆ. ಎರಡನೆಯ ಏರಿಗೆ ಅವನು ಪ್ರೇಕ್ಷಕ.

ನಮ್ಮ ಕಡೆಯ ಉದಾಹರಣೆ ಇನ್ನೂ ಹಳೆಯದು. ಆಸ್ಟ್ರೇಲಿಯಾದಿಂದ ಬಂದ ಬ್ರೋ ಸ್ಮಿತ್ ಎಂಬ ತಜ್ಞನ ಪರಿಶೀಲನೆಯ ಬೆನ್ನಲ್ಲೇ, 1880ರ ಆಚೀಚೆ, ವಯನಾಡು ಮತ್ತು ನೀಲಗಿರಿಯ ದೇವಾಲ, ಪಂದಲೂರುಗಳ ಚಿನ್ನಕ್ಕಾಗಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಎದ್ದವು. ಬಂಡವಾಳ 40 ಲಕ್ಷ ಪೌಂಡು ಮೀರಿತು. ಅದರಲ್ಲಿ ದೊಡ್ಡ ಪಾಲು ಹೋದದ್ದು ಕಾಫಿ ತೋಟದ ನೆಲಕ್ಕೆ ಚಿನ್ನದ ಬೆಲೆ ಕೊಡುವುದಕ್ಕೆ. ಎಲೆರೋಗದಿಂದ ಕಂಗೆಟ್ಟಿದ್ದ ತೋಟದ ದೊರೆಗಳ ಮಟ್ಟಿಗೆ ಅಲ್ಲಿ ಚಿನ್ನ ಇದ್ದದ್ದು ಸುಳ್ಳಲ್ಲ. ಕೆಲವೇ ವರ್ಷಗಳಲ್ಲಿ ಯಂತ್ರಗಳು ಕಾಡಿನಲ್ಲಿ ತುಕ್ಕು ಹಿಡಿದವು.

ಇಲ್ಲಿ ಪ್ರತಿವಾದಿ ಎದ್ದು ನಿಂತು ಕೋಲಾರ ಎನ್ನುತ್ತಾನೆ. ಎನ್ನಲೇಬೇಕು. 1880ರಲ್ಲಿ ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಹಣವೂ ಮೊದಲ ವರ್ಷಗಳಲ್ಲಿ ಹೀಗೇ ಕರಗಿ, ಬಾಗಿಲು ಹಾಕುವ ಮಾತು ಬಂದಿತ್ತು. ಉಳಿದಷ್ಟು ಹಣಕ್ಕೆ ಇನ್ನಷ್ಟು ಅಗೆಯೋಣವೆಂದು ಜಾನ್ ಟೇಲರ್ ಸಂಸ್ಥೆ ಷೇರುದಾರರನ್ನು ಒಪ್ಪಿಸಿತು. ಕ್ಯಾಪ್ಟನ್ ಪ್ಲಮರ್ ಹಿಂದಿನವರು ತೋಡಿದ್ದ ಹಳೆಯ ಗುಂಡಿಗಳ ಜಾಡು ಹಿಡಿದು ಇಳಿದ. ಚಾಂಪಿಯನ್ ರೀಫ್ ಎಂಬ ಚಿನ್ನದ ಸೆಲೆ ಸಿಕ್ಕಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು, ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು, 2001ರ ಫೆಬ್ರವರಿ 28ರಂದು ಮುಚ್ಚಿತು. ಆಸೆ ಸತ್ತ ಮೇಲೂ ಷೇರು ಬಿಡದವರಿಗೆ ದಕ್ಕಿದ ಚಿನ್ನ ಅದು. ಸುದ್ದಿಗೆ ಕೊಂಡು ಸುದ್ದಿಗೆ ಮಾರುವ ದೇವದತ್ತನಿಗೆ ದಕ್ಕುವಂಥದ್ದಲ್ಲ. ಆದರೂ ಕೋಲಾರದ ಉಪಕಾರ ದೊಡ್ಡದು. ನೂರು ವಯನಾಡುಗಳಿಗೆ ಒಂದು ಕೋಲಾರ ಜಾಮೀನು ನಿಂತಿದೆ.

ಪೂರ್ವಪಕ್ಷ ಪ್ರಕರಣ

ಪೂರ್ವಪಕ್ಷ ದೇವದತ್ತನ ಮನೆಯಾಕೆಯದು. “ರೀ, ಆ ದುಡ್ಡಿಗೆ ಒಂದು ಜೊತೆ ಬಳೆ ಮಾಡಿಸಿದ್ರೆ ಕೈಲಾದ್ರೂ ಇರ್ತಿತ್ತು. ಕಷ್ಟಕ್ಕೆ ಅಡ ಇಡೋಕಾದ್ರೂ ಬರ್ತಿತ್ತು.”

ದೇವದತ್ತನ ಸಮಾಧಾನ: ಬಳೆಗೆ ಮಜೂರಿ, ವೇಸ್ಟೇಜು, ಜಿ.ಎಸ್.ಟಿ. ಎಂಬ ಮೂರು ದೋಷಗಳಿವೆ. ಗಣಿ ಷೇರಿಗಿರುವ ಗುಣ ಬಳೆಗಿಲ್ಲ. ಚಿನ್ನದ ಬೆಲೆ 100, ತೆಗೆಯುವ ಖರ್ಚು 80 ಎಂದಿಟ್ಟುಕೊಂಡರೆ ಗಣಿಗೆ ಲಾಭ 20. ಚಿನ್ನ 110 ಆದರೆ ಲಾಭ 30. ಚಿನ್ನ ಏರಿದ್ದು ನೂರಕ್ಕೆ ಹತ್ತು, ಲಾಭ ಏರಿದ್ದು ಐವತ್ತು!

“ಇಳಿದ್ರೆ?”

90ಕ್ಕೆ ಇಳಿದರೆ ಲಾಭ ಅರ್ಧ, 80ಕ್ಕೆ ಇಳಿದರೆ ಸೊನ್ನೆ. ಇದನ್ನು ದೇವದತ್ತ ಹೇಳಲಿಲ್ಲ, ಭಾಷ್ಯಕಾರರು ಹೇಳುತ್ತಿದ್ದೇವೆ.

“ಅದು ಬಿಡಿ. ನಿಮ್ಮ ಕಂಪ್ನಿ ಇಲ್ಲೀವರ್ಗೂ ಎಷ್ಟು ಗ್ರಾಂ ತೆಗೆದಿದೆ?”

ಪ್ರಶ್ನೆ ಪ್ರಕರಣಕ್ಕೆ ಹೊರತಾದದ್ದೆಂದು ದೇವದತ್ತ ಚಹಾ ಕೇಳಿದ.

ಚಿನ್ನವನ್ನೇ ತೆಗೆಯದ ಕಂಪನಿ ಬದುಕುವುದು ಹೇಗೆಂದರೆ, ಷೇರು ತೆಗೆದು. ಕೊರೆಯಲು ಹಣ ಬೇಕು, ಹಣಕ್ಕೆ ಹೊಸ ಷೇರು ಬೇಕು. ಹೊಸ ಷೇರು ಹುಟ್ಟಿದಷ್ಟೂ ಹಳೆಯ ಷೇರಿನ ಪಾಲು ಕುಗ್ಗುತ್ತದೆ. ದೇವದತ್ತನ ಬಳಿಯ ಷೇರಿನ ಸಂಖ್ಯೆ ಅಷ್ಟೇ ಇದೆ, ಗಣಿಯಲ್ಲಿ ಅವನ ಪಾಲು ಅರ್ಧವಾಗಿದೆ. ಬೆಲೆಯೂ ಇಳಿದಾಗ ಅವನು ಇನ್ನಷ್ಟು ಕೊಂಡು ‘ಆವರೇಜ್’ ಮಾಡುತ್ತಾನೆ. ಲೋವರ್ ಸರ್ಕ್ಯೂಟಿಗೆ ಬಿದ್ದು ಮಾರಲು ಗಿರಾಕಿಯೇ ಇಲ್ಲದ ದಿನದಿಂದ ಅವನನ್ನು ಲಾಂಗ್ ಟರ್ಮ್ ಹೂಡಿಕೆದಾರ ಎನ್ನುತ್ತಾರೆ.

ಈ ಶಾಸ್ತ್ರಕ್ಕೆ ನಿಜವಾದ ನಾಸ್ತಿಕರು ಗದಗದ ಕಪ್ಪತಗುಡ್ಡದ ಸುತ್ತಿನ ಜಾಲಗಾರರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆ ಬೆಟ್ಟಗಳ ಚಿನ್ನದ ಬಗ್ಗೆ 1874ರಲ್ಲಿ ಬರೆಯುವ ಹೊತ್ತಿಗಾಗಲೇ ಅವರು ಹಳ್ಳದ ಮರಳನ್ನು ಜಾಲಿಸಿ ಚಿನ್ನ ತೆಗೆಯುವುದರಲ್ಲಿ ಪಳಗಿದ್ದರು. ದಿನವಿಡೀ ಬಗ್ಗಿ ಜಾಲಿಸಿದರೆ ತಳದಲ್ಲಿ ಎಷ್ಟು ಉಳಿಯುತ್ತದೆಂದು ಅವರಿಗೆ ಗೊತ್ತು: ಬಹಳ ಸ್ವಲ್ಪ. ಇಷ್ಟು ಸ್ಪಷ್ಟವಾಗಿ ಗೊತ್ತಿರುವುದರಿಂದಲೇ ಅವರ ಹೆಸರಿನಲ್ಲಿ ಒಂದು ಕಂಪನಿಯೂ ಷೇರುಪೇಟೆಗೆ ಬರಲಿಲ್ಲ. ಜ್ಞಾನಿಗೆ ಬಂಡವಾಳ ಸಿಗದು.

ಫಲಶ್ರುತಿ

ಈ ಗ್ರಂಥವನ್ನು ಬೆಳಿಗ್ಗೆ 9.15ಕ್ಕೆ ಮುಂಚೆ ಒಮ್ಮೆ ಓದಿದವನು ಆ ದಿನ ಕೊಳ್ಳುವುದಿಲ್ಲ. ಎರಡು ಬಾರಿ ಓದಿದವನು ಕಂಪನಿಯ ವಾರ್ಷಿಕ ವರದಿಯನ್ನು ತೆರೆಯುತ್ತಾನೆ, ಉಳಿದ ಅರ್ಧ ಕಲ್ಲು ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಾನೆ. ಮೂರು ಬಾರಿ ಓದಿದವನು ಕೊಂಡೇ ಕೊಳ್ಳುತ್ತಾನೆ. ಕೊಳ್ಳಬೇಕೆಂದು ಮೊದಲೇ ತೀರ್ಮಾನಿಸದವನು ಯಾವ ಗ್ರಂಥವನ್ನೂ ಮೂರು ಬಾರಿ ಓದುವುದಿಲ್ಲ.

ಓದಿದ್ದರಿಂದ ಈ ಸಂಪುಟದಲ್ಲಿ ಎಷ್ಟು ಸತ್ತ್ವವಿದೆಯೆಂದು ವಾಚಕರಿಗೆ ತಿಳಿದುಹೋಗಿದೆ. ಇದರ ಬೆಲೆ ಇನ್ನು ಏರದು. ಎರಡನೆಯ ಸಂಪುಟದ ಒಂದಕ್ಷರವನ್ನೂ ಇನ್ನೂ ಬರೆದಿಲ್ಲ. ಆದ್ದರಿಂದ ಅದರ ಬೆಲೆ ಇದರ ಹತ್ತರಷ್ಟು. ಮುಂಗಡ ಸ್ವೀಕರಿಸಲಾಗುವುದು, ಯಜ್ಞದತ್ತ ಆಗಲೇ ಕೊಟ್ಟು, ತನ್ನ ಪ್ರತಿಯನ್ನು ಷಡ್ಡಕನಿಗೆ ಮಾರಿದ್ದೂ ಆಗಿದೆ.