ಕವಚಕ್ರೀಡಾಮೀಮಾಂಸೆ

ಪೀಠಿಕೆ

ಕನ್ನಡದ ಪೂರ್ವಸೂರಿಗಳು ಶಾಸ್ತ್ರವನ್ನು ರಚಿಸದೆ ಬಿಟ್ಟ ವಿಷಯವೇ ಇಲ್ಲವೆಂಬ ನಂಬಿಕೆಯು ವಿದ್ವದ್ವಲಯದಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಎರಡನೆಯ ಚಾವುಂಡರಾಯನು 11ನೆಯ ಶತಮಾನದಲ್ಲಿಯೇ ಲೋಕಕ್ಕೆ ಬೇಕಾದ ವಿದ್ಯೆಗಳನ್ನೆಲ್ಲ 'ಲೋಕೋಪಕಾರ'ದಲ್ಲಿ ಅಡಕಮಾಡಿದನು. ಕೀರ್ತಿವರ್ಮನು ದನಕರುಗಳ ಬೇನೆಗೆ 'ಗೋವೈದ್ಯ'ವನ್ನು ಬರೆದನು. ಮೂರನೆಯ ಮಂಗರಸನು ಅಡುಗೆಯ ಮನೆಯನ್ನೂ ಬಿಡದೆ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬಡಿಸಿದನು. ಇಂತಹ ಉಜ್ಜ್ವಲ ಪರಂಪರೆಯಲ್ಲಿ ಕೈಫೋನಿನ ಮೇಲಣ ಹೊದಿಕೆಯನ್ನೂ ಅದರೊಳಗಣ ಆಟವನ್ನೂ ಕುರಿತು ಒಂದು ಸೂತ್ರವಾದರೂ ಹುಟ್ಟದೆ ಹೋದುದು ಖೇದಕರವೇ ಸರಿ. ಆ ಕಾಲದಲ್ಲಿ ಕೈಫೋನೇ ಇರಲಿಲ್ಲವೆಂಬ ಕ್ಷುಲ್ಲಕ ಕಾರಣವನ್ನು ಮುಂದೊಡ್ಡಿ ಪೂರ್ವಿಕರೇನೋ ಪಾರಾಗಬಹುದು. ಎಡಗೈಯಲ್ಲಿ ಅದನ್ನೇ ಹಿಡಿದುಕೊಂಡು ಬಲಗೈಯಲ್ಲಿ ಶಾಸ್ತ್ರ ಬರೆಯುವ ನಮಗೆ ಆ ನೆವವೂ ಇಲ್ಲ. ಆದಕಾರಣ ಈ ಲಘುಪ್ರಬಂಧ.

ಮೊದಲನೆಯ ಪ್ರಕರಣ: ಸ್ಥಳನಿರ್ಣಯ

ಶಾಸ್ತ್ರಕ್ಕೊಂದು ಕ್ಷೇತ್ರವಿರಬೇಕು. ನಾವು ಆರಿಸಿಕೊಂಡದ್ದು ಕರ್ನೂಲು ಜಿಲ್ಲೆಯ ನಂದವರಂ ಮಂಡಲಕ್ಕೆ ಸೇರಿದ, ತುಂಗಭದ್ರೆಯ ಬಲದಡದ ನಾಗಲದಿನ್ನೆಯನ್ನು. ಹೊಳೆಯ ಮೇಲ್ಗಡೆ ಮಂತ್ರಾಲಯ, ಎದುರುದಡದಲ್ಲಿ ತೆಲಂಗಾಣ, ಒಳನಾಡಿನಲ್ಲಿ ನೇಕಾರರ ಎಮ್ಮಿಗನೂರು, ಅದರಾಚೆ ಹತ್ತಿಯ ಪೇಟೆಯಾದ ಆದೋನಿ. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಉದಯಿಸಿದಾಗ ಅಖಂಡ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಸೇರಿ, ಬಳ್ಳಾರಿಯು ಇತ್ತ ಮೈಸೂರಿಗೆ ಬಂದಿತಷ್ಟೆ. ಆ ಪಾಲುಪಾರಿಕತ್ತಿನಲ್ಲಿ ನೆಲವು ಹರಿಯಿತಾದರೂ ನಾಲಗೆಯು ಹರಿಯಲಿಲ್ಲವಾಗಿ, ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಸಮಾಧಾನಪಡಿಸುವ ಜನ ಈ ಸೀಮೆಯಲ್ಲಿ ಇಂದಿಗೂ ಹೇರಳ. ನಮ್ಮ ವಿಷಯಕ್ಕೆ ಪ್ರಕೃತವಾದ ಮೂರು ಪಾರಿಭಾಷಿಕ ಪದಗಳು ಮಾತ್ರ, ಎಂದರೆ ಫೋನಿಗೆ 'ಸೆಲ್ಲು', ಹೊದಿಕೆಗೆ 'ಪೌಚು', ಗಾಜಿನ ಮೇಲಣ ಗಾಜಿಗೆ 'ಟೆಂಪರು' ಎಂಬಿವು, ಎರಡು ಭಾಷೆಗೂ ಸೇರದವಾದುದರಿಂದ ಅವುಗಳ ವಿಷಯದಲ್ಲಿ ಗಡಿತಂಟೆಯಿಲ್ಲ. ಆಯೋಗವನ್ನು ನೇಮಿಸುವ ಪ್ರಮೇಯವೂ ಒದಗಿಲ್ಲ.

ಗ್ರಾಮನಾಮದ ನಿಷ್ಪತ್ತಿಯಲ್ಲಿ ಎರಡು ಪಕ್ಷಗಳುಂಟು. 'ದಿನ್ನೆ'ಯೆಂದರೆ ದಿಬ್ಬವೆಂಬುದರಲ್ಲಿ ಉಭಯರಿಗೂ ಸಮ್ಮತಿಯಿದೆ, ಜಗಳವಿರುವುದು ಪೂರ್ವಪದದಲ್ಲಿ. ಅದು ನಾಗರಹಾವುಗಳ ದಿಬ್ಬವೆಂದು ಸರ್ಪವಾದಿಗಳು. ಸಂಸ್ಕೃತದ ಲಾಂಗಲ, ತೆಲುಗಿನ ನಾಗಲಿ, ಕನ್ನಡದ ನೇಗಿಲು ಒಂದೇ ಕುಲದವಾದುದರಿಂದ ಅದು ನೇಗಿಲ ದಿಬ್ಬವೆಂದು ಲಾಂಗಲವಾದಿಗಳು. ಉಭಯಪಕ್ಷಗಳಲ್ಲಿಯೂ ಸದ್ಯಕ್ಕೆ ಇರುವವನು ಈ ಲೇಖಕನೊಬ್ಬನೇ. ಅವನ ಒಲವು ಮೊದಮೊದಲು ಸರ್ಪಪಕ್ಷದ ಕಡೆಗಿದ್ದುದಕ್ಕೆ ಕಾರಣವು ಮುಂದಿನ ಪ್ರಕರಣದಲ್ಲಿ ವಿಶದವಾಗುವುದು.

ಎರಡನೆಯ ಪ್ರಕರಣ: ಕ್ರೀಡಾವಿಚಾರ

ಕೈಫೋನಿನಲ್ಲಿ ಮನೆಮಾತಾದ ಮೊದಲ ಆಟವು ಹಾವಿನದು. ಫಿನ್ಲೆಂಡಿನ ತನೇಲಿ ಅರ್ಮಾಂಟೊ ಎಂಬ ಶಿಲ್ಪಿಯು 1997ರಲ್ಲಿ ನೋಕಿಯಾ 6110 ಎಂಬ ಯಂತ್ರದೊಳಗೆ ಈ ಸರ್ಪವನ್ನು ಪ್ರತಿಷ್ಠಾಪಿಸಿದನು. ತಿಂದಷ್ಟೂ ಉದ್ದವಾಗುವುದು, ಉದ್ದವಾದಷ್ಟೂ ತಿರುಗಲು ಎಡೆಯಿಲ್ಲದಾಗುವುದು, ಕಡೆಗೆ ತನ್ನ ಮೈಯನ್ನೇ ತಾನು ಕಚ್ಚಿ ಸಾಯುವುದು: ಸಂಸಾರದ ಲಕ್ಷಣವನ್ನು ಇದಕ್ಕಿಂತ ಸಂಕ್ಷೇಪವಾಗಿ ಯಾವ ವೇದಾಂತಿಯೂ ಹೇಳಿಲ್ಲ. ಹಾವಿನ ಹೆಸರಿನ ಊರಿನಲ್ಲಿ ಹಾವಿನ ಆಟವು ಬೇರೂರಿದುದು ಕಾಕತಾಳೀಯವೆಂದು ನಂಬುವವನು ಸಂಶೋಧಕನಾಗಲಾರನು.

ಎರಡನೆಯದು ಪಲಾಯನಕ್ರೀಡೆ. 2011ರ 'ಟೆಂಪಲ್ ರನ್'ನಲ್ಲಿ ಗುಡಿಯ ವಿಗ್ರಹವನ್ನು ಕದ್ದವನೊಬ್ಬನು ದೈತ್ಯಕಪಿಗಳಿಗೆ ಬೆದರಿ ಓಡುತ್ತಾನೆ; ಮರುವರ್ಷದ 'ಸಬ್‌ವೇ ಸರ್ಫರ್ಸ್'ನಲ್ಲಿ ಹುಡುಗನೊಬ್ಬನು ಕಾವಲುಗಾರನಿಗೆ ಬೆದರಿ ರೈಲುಹಳಿಯ ಮೇಲೆ ಓಡುತ್ತಾನೆ. ಇಬ್ಬರಿಗೂ ಗಮ್ಯಸ್ಥಾನವೆಂಬುದಿಲ್ಲ, ಎಡವುವವರೆಗೆ ಓಟ, ಎಡವಿದಲ್ಲಿಗೆ ಮುಕ್ತಾಯ. ಬಿತ್ತನೆ ಕೈಕೊಟ್ಟ ವರ್ಷ ಹೆಂಡಿರುಮಕ್ಕಳನ್ನು ಕಟ್ಟಿಕೊಂಡು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ವಲಸೆ ಹೋಗುವ ಈ ಸೀಮೆಯವರಿಗೆ ಇದರ ನಿಯಮಗಳನ್ನು ವಿವರಿಸುವ ಅಗತ್ಯವು ಬೀಳಲಿಲ್ಲ.

ಮೂರನೆಯದು ರತ್ನಸಂಯೋಜನಕ್ರೀಡೆ. 2012ರ 'ಕ್ಯಾಂಡಿ ಕ್ರಶ್'ನಲ್ಲಿ ಒಂದೇ ಬಣ್ಣದ ಮೂರು ಮಿಠಾಯಿಗಳನ್ನು ಸಾಲುಗೂಡಿಸಿದೊಡನೆ ಅವು ಮಾಯವಾಗುತ್ತವೆ. ಇದೇ ಜಿಲ್ಲೆಯ ತುಗ್ಗಲಿ, ಜೊನ್ನಗಿರಿಗಳ ಕೆಂಪು ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ತೊಳೆದ ಮರುದಿನವೇ ಜನರು ಸಾಲುಗಟ್ಟಿ, ಬೆನ್ನು ಬಾಗಿಸಿ, ನೆಲದಲ್ಲಿ ವಜ್ರವನ್ನರಸುವುದನ್ನು ಕಂಡವರಿಗೆ ಇದರ ಮೂಲವೆಲ್ಲಿಯದೆಂಬುದು ಹೊಳೆಯದಿರದು. ವ್ಯತ್ಯಾಸವಿಷ್ಟೆ: ಆಟದಲ್ಲಿ ಹೊಳೆಯುವುದೆಲ್ಲ ಕೈಗೆ ಸಿಕ್ಕಿ ಕಾಣೆಯಾಗುತ್ತದೆ, ಹೊಲದಲ್ಲಿ ಸಿಕ್ಕದೆಯೇ ಕಾಣೆಯಾಗುತ್ತದೆ. ಈ ಆಟದ ಆಧ್ಯಾತ್ಮಿಕ ಪಕ್ಷವೂ ಗಮನಾರ್ಹ. ಆಟಗಾರನಿಗೆ ದತ್ತವಾದ ಪ್ರಾಣಗಳು ಐದು. ಪಂಚಪ್ರಾಣಗಳೆಂಬ ಶಾಸ್ತ್ರವಚನಕ್ಕೆ ಇದು ಅಕ್ಷರಶಃ ಸಲ್ಲುತ್ತದೆ. ಹೋದ ಪ್ರಾಣವೊಂದು ಮರಳಲು 30 ನಿಮಿಷ ಬೇಕು; ಪ್ರಾಚೀನ ಕಾಲಮಾನದಲ್ಲಿ ಅದು ಸರಿಯಾಗಿ ಒಂದೂಕಾಲು ಘಳಿಗೆ. ಪುನರ್ಜನ್ಮಕ್ಕೆ ತಗಲುವ ಅವಧಿಯನ್ನು ಇಷ್ಟು ಕರಾರುವಾಕ್ಕಾಗಿ ನಿರ್ಣಯಿಸಿದ ದರ್ಶನವು ಬೇರೊಂದಿಲ್ಲ.

ನಾಲ್ಕನೆಯದು ದ್ಯೂತ. ಪಗಡೆಯ ಕುಲದ ಲೂಡೋ 1896ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದು, 2016ರಲ್ಲಿ 'ಲೂಡೋ ಕಿಂಗ್' ಎಂಬ ಪಟ್ಟಾಭಿಷಿಕ್ತ ನಾಮದಿಂದ ತವರಿಗೆ ಮರಳಿ, 2020ರ ದಿಗ್ಬಂಧನದ ದಿನಗಳಲ್ಲಿ ಮನೆಮನೆಯನ್ನೂ ಆಳಿತು. 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ನಿಧಿಯನ್ನು ಆಟಗಳಿಗೆಂದೇ ಮೀಸಲಿಟ್ಟು 'ಕೌತುಕನಿಧಿ'ಯೆಂದು ಕರೆದ ಮುಮ್ಮಡಿ ಕೃಷ್ಣರಾಜರು ಇದನ್ನು ಕಂಡಿದ್ದರೆ ಹತ್ತನೆಯ ನಿಧಿಗೆ ಕೈಹಾಕುತ್ತಿದ್ದರೋ ಏನೋ. ಚೌಕಾಬಾರದ ಕವಡೆ ನಾಲ್ಕೂ ಮೊಗ ಮೇಲಾಗಿ ಬಿದ್ದರೆ ಚೌಕ, ಬೋರಲಾಗಿ ಬಿದ್ದರೆ ಬಾರ. ಅದನ್ನು ಎಸೆಯುವ ಕೈಯನ್ನು ಹಿಡಿದು ಜಗಳವಾಡಬಹುದಾಗಿತ್ತು. ಯಂತ್ರದ ದಾಳವನ್ನು ಎಸೆಯುವ ಕೈ ಯಾವುದೆಂದು ತಿಳಿಯದು. ಜಗಳಕ್ಕೆ ಆಸ್ಪದವಿಲ್ಲದ ಜೂಜು ಉಪ್ಪಿಲ್ಲದ ಸಾರು.

ವೈರಾಗ್ಯಕ್ಕೂ ಇಲ್ಲಿ ನಿದರ್ಶನವುಂಟು. ವಿಯೆಟ್ನಾಮಿನ ಡಾಂಗ್ ನ್ಯುಯೆನ್ ಎಂಬಾತನು 2013ರಲ್ಲಿ 'ಫ್ಲಾಪಿ ಬರ್ಡ್' ಎಂಬ ಹಕ್ಕಿಯನ್ನು ಹಾರಿಬಿಟ್ಟು, ಲೋಕವೆಲ್ಲ ಅದಕ್ಕೆ ದಾಸನಾದುದನ್ನು ಕಂಡು, 2014ರ ಫೆಬ್ರವರಿಯಲ್ಲಿ ತನ್ನ ಕೈಯಿಂದಲೇ ಅದನ್ನು ಹಿಂದಕ್ಕೆ ಕರೆದುಕೊಂಡನು. ಸೃಷ್ಟಿಕರ್ತನು ನಾಚಿ ಸೃಷ್ಟಿಯನ್ನು ಮಡಿಸಿಟ್ಟ ಪ್ರಸಂಗಗಳು ಪುರಾಣಗಳಲ್ಲಿಯೂ ವಿರಳ.

ಮೂರನೆಯ ಪ್ರಕರಣ: ಕವಚವಿಚಾರ

ಕವಚವು ದ್ವಿವಿಧ: ಸಹಜ, ಆಹಾರ್ಯ. ಹುಟ್ಟುವಾಗಲೇ ಬಂದುದು ಸಹಜ. ಇದಕ್ಕೆ ಕರ್ಣನೊಬ್ಬನೇ ಉದಾಹರಣೆ. ಅಂಗಡಿಯಲ್ಲಿ ಚೌಕಾಸಿ ಮಾಡಿ ತೊಡಿಸುವುದು ಆಹಾರ್ಯ. ಇದಕ್ಕೆ ಸೆಲ್ಲುಗಳೆಲ್ಲವೂ ಉದಾಹರಣೆ. ಆಹಾರ್ಯಕವಚದ ಆದಿರೂಪವು ಕರವಸ್ತ್ರ. 1938ರಲ್ಲಿ ಮಾಚಾನಿ ಸೋಮಪ್ಪನವರು ಎಮ್ಮಿಗನೂರಿನಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿದಾಗ, ಮುಂದೊಂದು ಕಾಲದಲ್ಲಿ ಆ ಮಗ್ಗದ ಬಟ್ಟೆಯ ಮಡಿಕೆಯಲ್ಲಿ ಸೆಲ್ಲೊಂದು ಬೆಚ್ಚಗೆ ಮಲಗೀತೆಂದು ಎಣಿಸಿರಲಾರರು. ಕರವಸ್ತ್ರಯುಗದ ಬಳಿಕ ಸೊಂಟಕ್ಕೆ ತೂಗುವ ಚರ್ಮಸಂಪುಟದ ಯುಗ, ತದನಂತರ ಪುಸ್ತಕದಂತೆ ಮಗುಚುವ ಹೊದಿಕೆಯ ಯುಗ, ಈಗ ನಡೆಯುತ್ತಿರುವುದು ಪಾರದರ್ಶಕಯುಗ.

ಈ ಪಾರದರ್ಶಕ ಪೌಚು ಥರ್ಮೋಪ್ಲಾಸ್ಟಿಕ್ ಪಾಲಿಯುರಿಥೇನ್ ಎಂಬ ದ್ರವ್ಯದಿಂದಾದುದು. ಕೊಳ್ಳುವ ದಿನ ಗಂಗೋದಕದಂತಿದ್ದು, ಬಿಸಿಲಿನ ನೇರಳಾತೀತ ಕಿರಣಕ್ಕೂ ಕಾವಿಗೂ ಅದರ ಅಣುಬಂಧಗಳು ಕೆಡುತ್ತ ಬಂದು, ಕೆಲವು ತಿಂಗಳಲ್ಲಿಯೇ ಹಳೆಯ ತುಪ್ಪದ ಬಣ್ಣಕ್ಕೆ ತಿರುಗುತ್ತದೆ. ಮಾಗಿದ ಪೌಚಿನ ಬಣ್ಣದಿಂದ ಒಡೆಯನ ಬೇಸಗೆಗಳನ್ನು ಎಣಿಸಬಹುದೆಂಬುದು ಈ ಲೇಖಕನ ಸ್ವತಂತ್ರ ಸಂಶೋಧನೆ. ಹೊದಿಕೆಗೂ ಬೆನ್ನಿಗೂ ನಡುವಣ ಎಡೆಯಾದರೋ ಒಂದು ಪತ್ರಾಗಾರವೇ ಸರಿ. ನಾಲ್ಕಾಗಿ ಮಡಿಸಿದ ಹತ್ತು ರೂಪಾಯಿಯ ನೋಟು, ಬಸ್ಸಿನ ಚೀಟಿ, ಮಂತ್ರಾಲಯದ ಮಂತ್ರಾಕ್ಷತೆಯ ಪೊಟ್ಟಣ, ಅಂಚು ಹರಿದ ಒಂದು ಭಾವಚಿತ್ರ. ಎರ್ರಗುಡಿಯ ಬಂಡೆಯ ಮೇಲೆ ಅಶೋಕನು ಕೊರೆಯಿಸಿದ್ದನ್ನು ಓದಬಲ್ಲವರು ಇದನ್ನೂ ಓದಲು ಕಲಿಯತಕ್ಕದ್ದು.

ಇನ್ನು ಟೆಂಪರು. ಇದರ ಪೊಟ್ಟಣದ ಮೇಲೆ '9ಎಚ್' ಎಂಬ ಬೀಜಾಕ್ಷರವಿರುತ್ತದೆ. ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಮಾಪಕದಲ್ಲಿ ವಜ್ರಕ್ಕೆ 10 ಎಂಬುದನ್ನು ಅರಿತ ವಜ್ರಸೀಮೆಯ ಗ್ರಾಹಕನು, ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗಿನ ಪದಾರ್ಥವು ಇಷ್ಟು ಸೋವಿಯಾಗಿ ದೊರೆಯಿತೆಂದು ಹಿಗ್ಗುವುದು ಸಹಜ. ವಾಸ್ತವದಲ್ಲಿ ಈ 9 ಸೀಸದಕಡ್ಡಿಗಳ ಮಾಪಕದ್ದು. ಆ ಮಾಪಕದ ಕಡ್ಡಿಗಳಲ್ಲಿ ಅತಿ ಗಡುಸಾದುದರಿಂದ ಗೀರಿದರೂ ಗೀರು ಬೀಳದೆಂದಷ್ಟೇ ಅದರ ತಾತ್ಪರ್ಯ. ಮೋಸನ ಮಾಪಕದಲ್ಲಿ ಗಾಜು ಸುಮಾರು 6ರ ಆಸುಪಾಸಿನದು, ತುಂಗಭದ್ರೆಯ ಮರಳಿನ ಬೆಣಚುಕಣವು 7. ಹೊಳೆಗೆ ಹೋಗಿಬಂದ ಜೇಬಿನಲ್ಲಿ ಗೆಲ್ಲುವುದು ಯಾವುದೆಂದು ಬೇರೆ ಹೇಳಬೇಕಿಲ್ಲ.

ಕವಚದ ಪಾತ್ರಾಪಾತ್ರವಿವೇಕಕ್ಕೆ ಒಂದು ದೃಷ್ಟಾಂತ. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವವು ನಡೆಯುತ್ತದೆ. ಉತ್ಸವಮೂರ್ತಿಗಾಗಿ ಹಳ್ಳಿಹಳ್ಳಿಯವರು ದೊಣ್ಣೆ ಹಿಡಿದು ಸೆಣಸುವ ಆ ನೂಕಾಟದಲ್ಲಿ ವರ್ಷವರ್ಷವೂ ತಲೆಗಳು ಒಡೆಯುತ್ತವೆ. ಸುತ್ತಣ ಗುಡ್ಡದ ಮೇಲಿಂದ ಕವಚವಿಲ್ಲದ ಆ ತಲೆಗಳನ್ನು ಕವಚವುಳ್ಳ ಸೆಲ್ಲುಗಳು ಚಿತ್ರೀಕರಿಸುತ್ತವೆ.

ನಾಲ್ಕನೆಯ ಪ್ರಕರಣ: ಪೂರ್ವಪಕ್ಷ ಮತ್ತು ಸಿದ್ಧಾಂತ

ಇಲ್ಲಿ ಪೂರ್ವಪಕ್ಷಿಯು ಎದ್ದು ನಿಲ್ಲುತ್ತಾನೆ: ಹೊರಗಣ ಪೌಚಿಗೂ ಒಳಗಣ ಆಟಕ್ಕೂ ಏನು ನಂಟು? ಒಂದೇ ಅಂಗಡಿಯಲ್ಲಿ ಮಾರುವ ಮಾತ್ರದಿಂದ ಉಪ್ಪೂ ಊದುಬತ್ತಿಯೂ ದಾಯಾದಿಗಳಾಗುವುವೇ?

ಸಮಾಧಾನವು ಹೀಗೆ. ಕವಚವು ಪೆಟ್ಟನ್ನು ತಡೆಯುತ್ತದೆಂಬುದು ಲೋಕರೂಢಿಯ ಭ್ರಮೆ. ಬಿದ್ದ ಸೆಲ್ಲಿಗೆ ಪೆಟ್ಟು ಬಿದ್ದೇ ತೀರುತ್ತದೆ. ಬೀಳುವ ವಸ್ತುವು ನಿಲ್ಲಲು ಹಿಡಿಯುವ ಕಾಲವು ಇಮ್ಮಡಿಯಾದರೆ ಅದರ ಮೇಲಣ ಸರಾಸರಿ ಬಲವು ಅರ್ಧವಾಗುತ್ತದೆ. ಮೂಲೆಗಳ ಗಾಳಿಗುಳ್ಳೆಯೂ ಮೃದುವಾದ ಅಂಚೂ ಮಾಡುವುದು ಇಷ್ಟೇ: ಕ್ಷಣವನ್ನು ಕೊಂಚ ಹಿಗ್ಗಿಸುವುದು. ಕಾಲವನ್ನು ಹಿಗ್ಗಿಸಿ ಆಘಾತವನ್ನು ಕುಗ್ಗಿಸುವುದೇ ಕವಚಲಕ್ಷಣವೆಂದು ಇದರಿಂದ ಸಿದ್ಧವಾಯಿತು. ಹಾಗಾದರೆ, ಬಾರದ ಬಸ್ಸಿಗೂ, ಕಾಲುವೆಯ ಕೊನೆಯಂಚಿನ ಹೊಲವನ್ನು ಮುಟ್ಟದ ನೀರಿಗೂ, ಜೂನ್ ತಿಂಗಳು ನಡು ಮುಟ್ಟಿದರೂ ಮುಖ ತೋರದ ಮಳೆಗೂ ಕಾದುಕುಳಿತವನ ಮೇಲೆ ಬೀಳುವ ಪೆಟ್ಟನ್ನು, ಹಾವನ್ನು ತಿರುಗಿಸುತ್ತಲೋ ಮಿಠಾಯಿಯನ್ನು ಜೋಡಿಸುತ್ತಲೋ ಹನಿಹನಿಯಾಗಿ ಹಂಚಿಕೊಡುವ ಆಟವು ಬೇರೆ ಇನ್ನೇನು? ಪೌಚು ಸೆಲ್ಲಿಗೆ ಕವಚ, ಆಟವು ಸೆಲ್ಲು ಹಿಡಿದವನಿಗೆ ಕವಚ.

ಪೆಟ್ಟು ಹಿಗ್ಗದೆ ಒಮ್ಮೆಗೇ ಬೀಳುವುದೂ ಈ ಊರಿಗೆ ತಿಳಿಯದ್ದಲ್ಲ. 2009ರ ಅಕ್ಟೋಬರಿನ ಮಹಾಪ್ರವಾಹವು ಇಲ್ಲಿನ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಅಂತಹುದಕ್ಕೆ ತೊಡಿಸುವ ಪೌಚನ್ನು ಯಾವ ಅಂಗಡಿಯೂ ಇಟ್ಟಿಲ್ಲ.

ಉಪಸಂಹಾರ

ಈ ಸಿದ್ಧಾಂತವನ್ನು ಕ್ಷೇತ್ರಕಾರ್ಯದಿಂದ ದೃಢಪಡಿಸಲೆಂದು ಲೇಖಕನು ಜೂನ್ ತಿಂಗಳ ಒಂದು ಮಧ್ಯಾಹ್ನ ಊರಕಟ್ಟೆಯ ಮೇಲೆ ಆಸೀನನಾದನು. ಒಂದು ಬದಿಯಲ್ಲಿ ಮುದುಕರಿಬ್ಬರು ಇದ್ದಿಲಿನಿಂದ ಗೆರೆಯೆಳೆದು ಹರಳುಕಲ್ಲುಗಳಿಂದ ಹುಲಿ-ಮೇಕೆಯಾಡುತ್ತಿದ್ದರು. ಇನ್ನೊಂದು ಬದಿಯಲ್ಲಿ ಗುಂಟೂರಿನಿಂದ ಮರಳಿದ ತರುಣನೊಬ್ಬನು ಹಳೆಯ ಹಾವಿನ ಆಟದ ಹೊಸ ಅವತಾರದಲ್ಲಿ ಮುಳುಗಿದ್ದನು. ಅವನ ಪೌಚಿನ ಒಂದು ಮೂಲೆ ಸೀಳಿತ್ತು. ಸೀಳಿನುದ್ದಕ್ಕೂ ಮೆಣಸಿನ ಕೆಂಪು ಇಂಗಿತ್ತು. ವಿಚಾರಿಸಲಾಗಿ ಅವನು ತಲೆಯೆತ್ತದೆಯೇ, "ಪೌಚು ಹೋತ್ರಿ, ಸೆಲ್ಲು ಉಳೀತು" ಎಂದನು. ಸಿದ್ಧಾಂತಕ್ಕೆ ಬಲ ಬಂದಿತೆಂದು ಹಿಗ್ಗಿ, ಲೇಖಕನು ಮುದುಕರ ಕಡೆ ತಿರುಗಿ, ನಿಮ್ಮ ಆಟದ ಸಾಮಗ್ರಿಗೆ ರಕ್ಷಾಕವಚವೇನೆಂದು ಕೇಳಿದನು. ಹುಲಿಯ ಪಕ್ಷದವನು ಕ್ಷಣಹೊತ್ತು ಇವನನ್ನೇ ನೋಡಿ, "ಕಲ್ಲು ಕಳದ್ರ ಇನ್ನೊಂದು ಕಲ್ಲು ಐತಲ್ಲಪಾ" ಎಂದು ಮೇಕೆಯೊಂದನ್ನು ಕೊಂದನು. ಟಿಪ್ಪಣಿಪುಸ್ತಕದಲ್ಲಿ ಇದನ್ನು ಅಪವಾದವೆಂದು ಬರೆದುಕೊಳ್ಳುವ ಅವಸರದಲ್ಲಿ ಲೇಖಕನ ತೊಡೆಯ ಮೇಲಣ ಸೆಲ್ಲು ಜಾರಿತು. ಅದನ್ನು ಹಿಡಿಯಹೋಗಿ ಅವನೂ ಜಾರಿದನು. ಸೆಲ್ಲಿಗೆ ಏನೂ ಆಗಲಿಲ್ಲ. ಮೊಣಕಾಲಿಗೆ ಪೌಚು ಇರಲಿಲ್ಲ.

ಆಗ ಮಳೆ ಬಂದಿತು. ಮಂತ್ರಾಲಯದ ದಿಕ್ಕಿನಿಂದ ಕವಿದುಬಂದ ಮೋಡವು ದಪ್ಪ ಹನಿಗಳಿಂದ ಶುರುವಾಗಿ, ಮುದುಕರ ಇದ್ದಿಲಗೆರೆಗಳನ್ನು ಹುಲಿ ಗೆಲ್ಲುವ ಮುನ್ನವೇ ಅಳಿಸಿಹಾಕಿತು. ಗೆಲ್ಲಲಿದ್ದವನಾಗಲಿ ಸೋಲಲಿದ್ದವನಾಗಲಿ ಕಟ್ಟೆಯಿಂದ ಇಳಿಯದೆ, ನೆನೆಯುತ್ತಲೇ, ಎರೆಹೊಲದ ಕಡೆ ನೋಡುತ್ತ ಕುಳಿತರು. ತರುಣನು ಮಾತ್ರ ಎದ್ದನು. ಜೇಬಿನಿಂದ ಹತ್ತಿಬೀಜದ ಖಾಲಿ ಪೊಟ್ಟಣವೊಂದನ್ನು ತೆಗೆದು, ಸೆಲ್ಲನ್ನು ಪೌಚಿನ ಸಮೇತ ಅದರಲ್ಲಿ ತುರುಕಿ, ಬಾಯಿ ಮಡಿಸಿ, ಟ್ರ್ಯಾಕ್ಟರಿನವನನ್ನು ಕೂಗುತ್ತ ಕೇರಿಯೊಳಕ್ಕೆ ಓಡಿದನು. ಪೊಟ್ಟಣದೊಳಗೆ ಹಾವು ತನ್ನ ಪಾಡಿಗೆ ತಾನು ಗೋಡೆಗೆ ಬಡಿದು ಸತ್ತಿರಬೇಕು. ಅದರ ಅಂಕವೆಷ್ಟೆಂದು ಅವನು ನೋಡಲಿಲ್ಲ.

ಗ್ರಾಮನಾಮದ ವಿಷಯದಲ್ಲಿ ಈ ಲೇಖಕನು ಅಂದಿನಿಂದ ಸರ್ಪಪಕ್ಷವನ್ನು ಪರಿತ್ಯಜಿಸಿ ಲಾಂಗಲಪಕ್ಷವನ್ನು ಸೇರಿದ್ದಾನೆಂಬುದನ್ನು ಇಲ್ಲಿ ವಿನಯಪೂರ್ವಕವಾಗಿ ನಿವೇದಿಸಿದೆ.